ಆಕಳಿಸುತ್ತ ಬಂದವರ ಸಿನಿಮಾ

ನನ್ನ ತಂಗಿಯ ಸೊಸೆ ಸಿನಿಮಾ ಮಂದಿರದಲ್ಲಿ ಟಿಕೆಟ್ ಕೊಡುವವಳು. ಹನ್ನೊಂದು ವರ್ಷದಿಂದ ಅದೇ ಗಾಜಿನ ಗೂಡು, ಅದೇ ಅಂಗೈಯಗಲದ ಕಿಂಡಿ. ಅಷ್ಟು ವರ್ಷದಲ್ಲಿ ಅಲ್ಲಿ ಒಂದು ಸಿನಿಮಾವನ್ನೂ ಪೂರ್ತಿ ನೋಡಿದವಳಲ್ಲ. ಒಳಗೆ ಹೋಗುವವರ ಮುಖ ಮಾತ್ರ ಅವಳಿಗೆ ಗೊತ್ತು. ಆಚೆ ಬರುವವರ ಮುಖ ಗೊತ್ತಿರುವುದು ಬಾಗಿಲು ಕಾಯುವ ಮುದುಕನಿಗೆ. ಕತ್ತಲಲ್ಲಿ ಟಾರ್ಚು ಹಿಡಿದು ಜನರಿಗೆ ಸೀಟು ತೋರಿಸುವವನೂ ಅವನೇ ಆದ್ದರಿಂದ ಎಲ್ಲರಿಗೂ ಅವನು ಟಾರ್ಚಣ್ಣ.

ಒಂದು ಆಟ ಬಿಟ್ಟು ಇನ್ನೊಂದು ಶುರುವಾಗುವ ನಡುವೆ ಇಬ್ಬರೂ ಗೂಡಿನ ಹಿಂದೆ ನಿಂತು ಚಹಾ ಕುಡಿಯುತ್ತಿದ್ದರಂತೆ. ಟಾರ್ಚಣ್ಣ "ಇವತ್ತು ಕರ್ಚೀಫು ಜಾಸ್ತಿ" ಅಂದರೆ ಅಳುವ ಸಿನಿಮಾ. "ಇವತ್ತು ಯಾರೂ ಮಾತಾಡ್ಲಿಲ್ಲ" ಅಂದರೆ ಹೆದರಿಸುವ ಸಿನಿಮಾ. ಅದರ ಮೇಲೆ ಇವಳು ನಾಳೆ ಎಷ್ಟು ಜನ ಬರುತ್ತಾರೆ ಅಂತ ಲೆಕ್ಕ ಹಾಕುತ್ತಿದ್ದಳು. ಲೆಕ್ಕ ತಪ್ಪುತ್ತಿರಲಿಲ್ಲ. "ಪೋಸ್ಟರ್ ಸುಳ್ಳು ಹೇಳುತ್ತೆ ದೊಡ್ಡಮ್ಮ, ಮುಖ ಹೇಳಲ್ಲ" ಅನ್ನುವುದು ಅವಳ ಮಾತು.

ನಾನು ಅವಳ ಗಂಡನ ದೊಡ್ಡಮ್ಮ. ನನ್ನ ತಂಗಿ ತೀರಿಕೊಂಡು ಬಹಳ ಕಾಲವಾಯಿತು. ಸೊಸೆ ಬಸುರಾಗಿ ನಾಲ್ಕು ತಿಂಗಳಾದಾಗ ಡಾಕ್ಟರಮ್ಮ, ಮಗುವಿನ ಮಾಸು ಗರ್ಭದಲ್ಲಿ ಕೆಳಗಿದೆ, ಮೆಟ್ಟಿಲು ಹತ್ತಿಳಿಯುವ ಹಾಗಿಲ್ಲ, ಮಲಗಿಯೇ ಇರಬೇಕು ಅಂದರು. ಆಗ ತಂಗಿಯ ಮಗ ನನಗೆ ಫೋನು ಮಾಡಿದ. ನಾನು ಎರಡು ಸೀರೆ, ಕನ್ನಡಕ, ಮಂಡಿಗೆ ಹಚ್ಚುವ ಎಣ್ಣೆ ಚೀಲಕ್ಕೆ ಹಾಕಿಕೊಂಡು ಬಂದೆ. ಮನೆ ಮೂರನೇ ಮಹಡಿ. ಅವನ ಕೆಲಸ ಲಿಫ್ಟು ರಿಪೇರಿ. ಊರಿನವರನ್ನೆಲ್ಲ ಮೇಲೆ ಕೆಳಗೆ ಮಾಡುವವನ ಮನೆಗೆ ಲಿಫ್ಟಿಲ್ಲ. ಆ ಮೆಟ್ಟಿಲು ಹತ್ತುವಾಗ ನನ್ನ ಮಂಡಿ ಅವನಿಗೆ ಕೊಟ್ಟ ಆಶೀರ್ವಾದ ಇಲ್ಲಿ ಬರೆಯುವಂಥದ್ದಲ್ಲ.

ಎರಡು ವರ್ಷದ ಹಿಂದೆ ಇವಳಿಗೆ ಒಂದು ಬಸಿರು ಹೋಗಿತ್ತು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಎತ್ತದ ಮಾತು ಮನೆಯಲ್ಲಿ ಮೇಜಿನ ಹಾಗೆ ನಡುವೆಯೇ ನಿಂತಿರುತ್ತದೆ, ಎಲ್ಲರೂ ಸುತ್ತಿಕೊಂಡು ಓಡಾಡಬೇಕು.

ಮಲಗಿದವಳಿಗೆ ಹೊತ್ತು ಹೋಗಬೇಕಲ್ಲ. ಅವಳ ನಾದಿನಿ ಶಾಲೆಯಲ್ಲಿ ಚಿತ್ರ ಬರೆಯುವುದನ್ನು ಕಲಿಸುತ್ತಾಳೆ, ಬಾಯಿ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ಒಂದು ಭಾನುವಾರ ಕಿತ್ತಳೆಹಣ್ಣಿನ ಜೊತೆಗೆ ಒಂದು ಪಟ್ಟಿಯನ್ನೂ ತಂದಳು.

"ನೋಡಿ ಅತ್ತಿಗೆ, ಬಸುರೀರು ನೋಡ್ಬೇಕಾದ ಇಪ್ಪತ್ತು ಸಿನಿಮಾ. ಫೋನಲ್ಲಿ ಸಿಕ್ತು. ಎಲ್ಲಾ ನಗೋವು. ಅಮ್ಮ ನಕ್ಕರೆ ಮಗು ನಗುತ್ತಂತೆ."

ಸೊಸೆ ಪಟ್ಟಿ ಇಸಿದುಕೊಂಡಳು, ಮಡಿಸಿದಳು, ದಿಂಬಿನ ಕೆಳಗೆ ಇಟ್ಟಳು. "ಆಮೇಲೆ ನೋಡ್ತೀನಿ" ಅಂದಳು. ನಾದಿನಿ ಮೆಟ್ಟಿಲು ಇಳಿದ ಮೇಲೆ ಟಾರ್ಚಣ್ಣನಿಗೆ ಫೋನು ಹಚ್ಚಿದಳು.

"ಅಣ್ಣ, ಜನ ಆಕಳಿಸ್ತಾ ಆಚೆ ಬಂದಿದ್ದು ಯಾವ್ಯಾವ ಸಿನಿಮಾಗೆ? ಜ್ಞಾಪಕ ಮಾಡ್ಕೊಂಡು ಹೇಳು."

"ಯಾಕಮ್ಮಾ, ನಿದ್ದೆ ಬರ್ತಿಲ್ವಾ?"

"ಬರ್ತಿಲ್ಲ ಅಂತಲೇ ಇಟ್ಕೋ."

ಅಲ್ಲಿಂದ ಶುರುವಾಯಿತು ನಮ್ಮ ಸಿನಿಮಾ ನೋಡುವ ವೈಭವ. ಟಾರ್ಚಣ್ಣ ಮೂವತ್ತು ವರ್ಷದ ಆಕಳಿಕೆಯನ್ನೆಲ್ಲ ನೆನಪಿಟ್ಟುಕೊಂಡಿದ್ದ ಮನುಷ್ಯ. ಅವನು ಹೇಳಿದ್ದನ್ನು ಇವಳು ಟಿವಿಯಲ್ಲಿ ಹುಡುಕಿ ಹಾಕುವಳು. ಒಬ್ಬ ಮರದ ದೋಣಿ ಮಾಡುತ್ತಾನೆ, ಎರಡು ಗಂಟೆ ಬರೀ ಅದೇ, ಕೊನೆಗೆ ದೋಣಿ ನೀರಿಗೂ ಇಳಿಯುವುದಿಲ್ಲ. ಗಡಿಯಾರ ರಿಪೇರಿ ಮಾಡುವ ಕುಟುಂಬದ್ದೊಂದು ಧಾರಾವಾಹಿ, ಅದರಲ್ಲಿ ಯಾರೂ ಯಾರ ಮೇಲೂ ಕೂಗುವುದಿಲ್ಲ. ಒಂದು ದಿನ ಸಮುದ್ರದ ಮೀನಿನ ಚಿತ್ರ ಹಾಕಿದಳು. ಚೆನ್ನಾಗಿಯೇ ಇತ್ತು. ಅಷ್ಟರಲ್ಲಿ ದೊಡ್ಡ ಮೀನೊಂದು ಸಣ್ಣದರ ಹಿಂದೆ ಬಿತ್ತು. ಹಾವು ತುಳಿದವಳ ಹಾಗೆ ಬೆಚ್ಚಿ ಆರಿಸಿಬಿಟ್ಟಳು.

ಅಳುವುದು ಬೇಡ, ಹೆದರುವುದು ಬೇಡ, ಸರಿ. ನಗುವುದು ಯಾಕೆ ಬೇಡ? ನಾನು ಕೇಳಲಿಲ್ಲ. ಕೇಳಿದರೆ ಬಾಯಿ ಮುಚ್ಚುತ್ತದೆ, ಸುಮ್ಮನೆ ಕೂತರೆ ತೆರೆಯುತ್ತದೆ. ಪಕ್ಕದ ಮನೆಯ ಟಿವಿಯಿಂದ ನಗು ಕೇಳಿದರೆ ಅವಳು ದಿಂಬನ್ನು ಹೊಟ್ಟೆಯ ಮೇಲೆ ಒತ್ತಿಕೊಳ್ಳುವುದನ್ನು ಕಂಡಿದ್ದೆ. ಮಗುವಿನ ಕಿವಿ ಮುಚ್ಚುವವರು ಮಾಡುತ್ತಾರಲ್ಲ, ಹಾಗೆ.

ಆರು ತಿಂಗಳಾದಾಗ ಒಂದು ಮಧ್ಯಾಹ್ನ ಪಾದಕ್ಕೆ ಎಣ್ಣೆ ಹಚ್ಚುತ್ತಿದ್ದೆ. ಅವಳೇ ಹೇಳಿದಳು.

"ಆವತ್ತು ನಾದಿನಿ ಮನೇಲಿ ನಗೋ ಸಿನಿಮಾ ಹಾಕಿದ್ರು ದೊಡ್ಡಮ್ಮ. ನಾನು ಎಷ್ಟು ನಕ್ಕೆ ಅಂದ್ರೆ ನೆಲದ ಮೇಲೆ ಬಿದ್ದುಬಿಟ್ಟೆ, ಕಣ್ಣಲ್ಲಿ ನೀರು ಬಂತು. ಸಾಯಂಕಾಲ ರಕ್ತ ಕಾಣಿಸ್ಕೊಂತು. ನಾನೇ ಅಲುಗಾಡಿಸಿ ಉದುರಿಸ್ಬಿಟ್ಟೆ."

"ಛೆ, ಹಾಗೆಲ್ಲ ಆಗಲ್ಲ ಕಣೇ."

"ನಿಮಗೆ ಹೇಗೆ ಗೊತ್ತು?"

ಅದೇ ನೋಡಿ. ನಾಲ್ಕನೇ ಕ್ಲಾಸು ಓದಿದವಳು, ನನಗೆ ಹೇಗೆ ಗೊತ್ತು? ನಾನು ನಾಲ್ಕು ಹೆತ್ತೆ, ನಾಲ್ಕಕ್ಕೂ ನಕ್ಕೆ ಅಂದೆ. ಅವಳ ಕಿವಿಗೆ ಬಿತ್ತು, ಒಳಕ್ಕೆ ಇಳಿಯಲಿಲ್ಲ. ಡಾಕ್ಟರಮ್ಮನನ್ನು ಕೇಳೋಣ ಅಂದರೆ, "ಹೌದು ಅಂದುಬಿಟ್ರೆ?" ಅಂದಳು. "ಇವರಿಗೂ ಹೇಳ್ಬೇಡಿ. ನನ್ನಿಂದಾನೇ ಹೋಯ್ತು ಅಂತ ಗೊತ್ತಾದ್ರೆ ಇವರು ನನ್ನ ಮುಖ ಹೇಗೆ ನೋಡ್ತಾರೆ?"

ಮಾತು ಕೊಟ್ಟೆ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡ ಹಾಗಾಯಿತು.

ಏಳನೇ ತಿಂಗಳು ನಡೆಯುತ್ತಿತ್ತು. ಟಾರ್ಚಣ್ಣ ಒಂದು ಹಳೆಯ ರಾಜನ ಸಿನಿಮಾ ಹೇಳಿದ. "ಅಷ್ಟು ಆಕಳಿಕೆ ನಾನು ಬೇರೆಲ್ಲೂ ನೋಡಿಲ್ಲಮ್ಮ. ಒಬ್ಬ ಆಕಳಿಸ್ತಾ ಬಂದೋನು ನನ್ನ ಹೆಗಲ ಮೇಲೇ ತಲೆ ಇಟ್ಬಿಟ್ಟ." ಮಗ ಕೆಲಸಕ್ಕೆ ಹೋಗಿದ್ದ. ಊಟ ಮುಗಿಸಿ ಹಾಕಿದೆವು. ರಾಜ ಉದ್ದುದ್ದ ಮಾತಾಡಿದ. ಮಂತ್ರಿ ಇನ್ನೂ ಉದ್ದ ಮಾತಾಡಿದ. ನನಗೆ ಕಣ್ಣು ಎಳೆಯುತ್ತಿತ್ತು. ನಡುವಿನಲ್ಲಿ ರಾಜ ಸತ್ತ. ಮಲಗಿಸಿದರು, ಸುತ್ತ ರಾಣಿಯರು, ಮಕ್ಕಳು, ಸೇನಾಪತಿ, ಎಲ್ಲರೂ ಅಳುತ್ತಿದ್ದಾರೆ.

"ದೊಡ್ಡಮ್ಮ," ಅಂದಳು ಇವಳು ಮೆಲ್ಲಗೆ. "ಸತ್ತೋನು ಉಸಿರಾಡ್ತಿದಾನೆ."

ಕನ್ನಡಕ ಏರಿಸಿ ನೋಡಿದೆ. ಹೌದು, ರಾಜನ ಹೊಟ್ಟೆ ಭತ್ತದ ಮೂಟೆಯ ಹಾಗಿತ್ತು, ಮೇಲೆ ಕೆಳಗೆ ಹೋಗುತ್ತಿತ್ತು. ಅದರ ಮೇಲಿಟ್ಟ ಹೂವಿನ ಹಾರವೂ ಜೊತೆಗೆ ಏರಿ ಇಳಿಯುತ್ತಿತ್ತು. ಅಷ್ಟರಲ್ಲಿ ಒಂದು ನೊಣ ಬಂದು ರಾಜನ ಮೂಗಿನ ಮೇಲೆ ಕೂತಿತು. ಸತ್ತ ರಾಜ ಮೂಗು ಸೊಟ್ಟ ಮಾಡಿದ. ನೊಣ ಏಳಲಿಲ್ಲ. ಅಳುತ್ತಿದ್ದ ರಾಣಿ ಅಳುತ್ತಲೇ ಕೈ ಬೀಸಿ ನೊಣ ಓಡಿಸಿದಳು.

ಮೊದಲು ನನಗೇ ಬಂತು ನಗು. ತಡೆದುಕೊಂಡೆ. ಪಕ್ಕಕ್ಕೆ ತಿರುಗಿದರೆ ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು, ಮುಖ ಕೆಂಪಾಗಿತ್ತು. ಮತ್ತೆ ತಡೆಯಲಾಗಲಿಲ್ಲ. ಎರಡು ವರ್ಷದ್ದೆಲ್ಲ ಒಟ್ಟಿಗೇ ಬಂತು. ಹಾಸಿಗೆ ಅಲುಗುತ್ತಿತ್ತು.

ಆಮೇಲೆ ತಟ್ಟನೆ ನಿಂತುಹೋಯಿತು. ಎರಡು ಕೈಯೂ ಹೊಟ್ಟೆಯ ಮೇಲೆ.

"ಬಿಗಿಯಾಯ್ತು. ಕಲ್ಲಾಗಿದೆ ನೋಡಿ."

ಮುಟ್ಟಿದೆ. ಬಿಗಿದಿತ್ತು. ಸ್ವಲ್ಪ ಹೊತ್ತಿಗೆ ಸಡಿಲವಾಯಿತು. ಎಡಗಡೆ ಮಲಗಿಸಿದೆ, ನೀರು ಕುಡಿಸಿದೆ, ರಕ್ತ ಏನಾದರೂ ಕಂಡಿತೇ ಅಂತ ನೋಡಿದೆ, ಇರಲಿಲ್ಲ. ಆದರೆ ಮಗು ಅಲುಗಲಿಲ್ಲ. ಊಟವಾದ ಮೇಲೆ ದಿನವೂ ಒದೆಯುವ ಮಗು. ಹತ್ತು ನಿಮಿಷ. ಅರ್ಧ ಗಂಟೆ. ಟಿವಿಯಲ್ಲಿ ರಾಜನ ಮಗ ಮಾತಾಡುತ್ತಲೇ ಇದ್ದ, ಆರಿಸಬೇಕು ಅಂತ ಇಬ್ಬರಿಗೂ ಹೊಳೆಯಲಿಲ್ಲ. ಅವಳ ತುಟಿ ಬೆಳ್ಳಗಾಗಿತ್ತು. "ಮತ್ತೆ ಮಾಡ್ಬಿಟ್ಟೆ, ಮತ್ತೆ ಮಾಡ್ಬಿಟ್ಟೆ" ಅನ್ನುತ್ತಿದ್ದಳು.

ನಾನು ಮಗನಿಗೆ ಫೋನು ಮಾಡಿದೆ. ಪಕ್ಕದ ಮನೆಯವನೂ ಅವನ ತಮ್ಮನೂ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಮೂರು ಮಹಡಿ ಇಳಿಸಿದರು. ನಾನು ಅವಸರದಲ್ಲಿ ಬೀರುವಿನಿಂದ ಆಸ್ಪತ್ರೆಯ ಹಸಿರು ಫೈಲು ಎಳೆದುಕೊಂಡು ಹಿಂದೆಯೇ ಓಡಿದೆ. ಪಕ್ಕದ ಮನೆಯವನ ಕಾರಿನಲ್ಲಿ ಅವಳು ನನ್ನ ಮಣಿಕಟ್ಟು ಹಿಡಿದಿದ್ದ ಗುರುತು ಎರಡು ದಿನ ಇತ್ತು.

ಡಾಕ್ಟರಮ್ಮ ಹೊಟ್ಟೆಗೆ ತಣ್ಣನೆಯದೇನೋ ಸವರಿ ಯಂತ್ರ ಇಟ್ಟರು. ಬರೀ ಗರಗರ ಸದ್ದು. ಅತ್ತ ಸರಿಸಿದರು, ಇತ್ತ ಸರಿಸಿದರು. ಆಮೇಲೆ ಎಲ್ಲೋ ದೂರದಿಂದ ಕುದುರೆ ಓಡಿ ಬಂದ ಹಾಗೆ ದಬದಬ ದಬದಬ ಅಂತ ಬಂತು.

"ಇಲ್ಲೇ ಇದಾನೋ ಇದಾಳೋ, ನಿದ್ದೆ ಮಾಡ್ತಿದೆ" ಅಂದರು ಡಾಕ್ಟರಮ್ಮ. ಹೊಟ್ಟೆ ಆಗಾಗ ಹಾಗೆ ಬಿಗಿಯುವುದು ಈ ತಿಂಗಳಲ್ಲಿ ಇದ್ದದ್ದೇ, ಆದರೂ ಬಂದಿದ್ದು ಒಳ್ಳೆಯದಾಯಿತು, ಸಾಯಂಕಾಲದವರೆಗೆ ಇಲ್ಲೇ ಇರಲಿ ಅಂದರು. ಬರೆದುಕೊಳ್ಳಲು ಫೈಲು ತೆರೆದವರು ಹುಬ್ಬು ಗಂಟಿಕ್ಕಿದರು. "ಇದು ಹಳೇದಲ್ವಾ?"

ಎರಡೂ ಹಸಿರು ಫೈಲುಗಳೇ, ಮೇಲೆ ಇಂಗ್ಲಿಷು. ನಾನು ಎರಡು ವರ್ಷದ ಹಿಂದಿನದನ್ನು ತಂದಿದ್ದೆ. ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಗಲೇ ಹೊಳೆಯಿತು, ಬಂದದ್ದು ಬಂದಿದೆ, ಕೇಳಿಬಿಡೋಣ ಅಂತ. ಕೊಟ್ಟ ಮಾತು ಗಂಡನಿಗೆ ಹೇಳುವುದಿಲ್ಲ ಅಂತ ತಾನೇ, ಅವನು ಇನ್ನೂ ಬಂದಿರಲಿಲ್ಲ.

"ತಾಯಿ, ಆವತ್ತು ಇವಳು ನಕ್ಕಿದ್ದಕ್ಕೇ ಮಗು ಹೋಯ್ತಾ? ಅದರಲ್ಲಿ ಬರೆದಿದೆಯಾ ನೋಡಿ."

ಸೊಸೆ ಕಣ್ಣು ಮುಚ್ಚಿಕೊಂಡಳು. ಡಾಕ್ಟರಮ್ಮ ಹಾಳೆ ತಿರುವಿದರು, ಬಹಳ ಹೊತ್ತು ಓದಿದರು. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

"ನಗೋದ್ರಿಂದ ಯಾವ ಮಗೂನೂ ಹೋಗಲ್ಲಮ್ಮ. ಆವತ್ತು ನಿಮಗೆ ಹದಿನಾಲ್ಕು ವಾರ. ಮಗುವಿನ ಅಳತೆ ಹನ್ನೊಂದು ವಾರದ್ದು ಅಂತಿದೆ. ಅದು ಮೂರು ವಾರದ ಹಿಂದೇನೇ ನಿಂತಿತ್ತು. ಯಾರೂ ಹೇಳ್ಲಿಲ್ವಾ ನಿಮಗೆ?"

ಅವಳು ಸಮಾಧಾನದ ಉಸಿರು ಬಿಡುತ್ತಾಳೆ ಅಂದುಕೊಂಡಿದ್ದೆ. ನನ್ನ ಕಡೆ ತಿರುಗಿ ಕೇಳಿದ್ದೇ ಬೇರೆ. "ಅಂದ್ರೆ ನಾನು ನಗ್ತಿದ್ದಾಗ ಅದು ಇರ್ಲೇ ಇಲ್ವಾ ದೊಡ್ಡಮ್ಮ?"

ಅವಳ ತಲೆ ಸವರಿದೆ. ಅಷ್ಟರಲ್ಲಿ ಮಗ ಗ್ರೀಸ್ ಮೆತ್ತಿದ ಕೈಯಲ್ಲೇ ಓಡಿ ಬಂದ. ಡಾಕ್ಟರಮ್ಮನ ಕೈಯಲ್ಲಿ ಆ ಫೈಲು ಕಂಡ ತಕ್ಷಣ ಅವನ ಮುಖ ಇಳಿಯಿತು.

"ನಿಮಗೆ ಗೊತ್ತಿತ್ತಾ?" ಅಂದಳು ಅವಳು.

"ಗೊತ್ತಿತ್ತು. ಆವತ್ತೇ ಆಸ್ಪತ್ರೇಲಿ ನಂಗೆ ಹೇಳಿದ್ರು." ಕೈ ಎಲ್ಲಿಡಬೇಕು ಅಂತ ತಿಳಿಯದೆ ನಿಂತಿದ್ದ. "ಆ ಮೂರು ವಾರ ನೀನು ದಿನಾ ಅದರ ಜೊತೆ ಮಾತಾಡ್ತಿದ್ದೆ. ಕಿಂಡಿ ಹತ್ರ ಯಾರು ಬಂದ್ರು, ಯಾರು ಜಗಳ ಆಡಿದ್ರು, ಎಲ್ಲಾ. ಅದಕ್ಕೆ ಕೇಳಿಸ್ತಿರ್ಲಿಲ್ಲ ಅಂತ ನಿಂಗೆ ಹೇಗೆ ಹೇಳ್ಲಿ?"

"ನಾನು ನಕ್ಕಿದ್ದಕ್ಕೇ ಹೋಯ್ತು ಅಂದ್ಕೊಂಡಿದ್ದೆ."

"ಏನಂದೆ?" ಅವನು ಹಾಸಿಗೆಯ ತುದಿಗೆ ಕುಸಿದು ಕೂತ. "ಎರಡು ವರ್ಷದಿಂದ?"

ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡಲು ಹೋಗಿ ಮಾಡಿಕೊಂಡದ್ದು ಇದು. ನಾನು ಎದ್ದು ಕಾರಿಡಾರಿನಲ್ಲಿ ಕೂತೆ. ಒಳಗೆ ಅಳು ಕೇಳುತ್ತಿತ್ತು. ಒಬ್ಬರದಲ್ಲ, ಇಬ್ಬರದು. ಸುಮಾರು ಹೊತ್ತಾದ ಮೇಲೆ ಅವನು ಬಾಗಿಲಿಗೆ ಓಡಿ ಬಂದ. "ದೊಡ್ಡಮ್ಮ, ಒದೀತಿದೆ, ಒದೀತಿದೆ!"

ಮನೆಗೆ ಬಂದ ಮೇಲೆ ಟಾರ್ಚಣ್ಣ ನಡೆದದ್ದು ಕೇಳಿ ಫೋನು ಮಾಡಿ ಗೋಳಾಡಿದ. ಆ ಸಿನಿಮಾದಲ್ಲಿ ರಾಜ ಸಾಯುವುದು ನಡುವಿನಲ್ಲಿ, ಜನ ಒಳಗೇ ನಕ್ಕು ಮುಗಿಸಿದ್ದಾರೆ, ಆಮೇಲೆ ಇನ್ನೊಂದು ಗಂಟೆ ರಾಜನ ಮಗನ ಮಾತು ಕೇಳಿ ಕೇಳಿ ಆಕಳಿಸುತ್ತ ಬಂದಿದ್ದಾರೆ. "ನಾನು ಬಾಗಿಲಲ್ಲಿ ನಿಂತೋನು ತಾಯಿ, ನನಗೆ ಕಡೇ ಮುಖ ಮಾತ್ರ ಕಾಣೋದು. ಕ್ಷಮಿಸ್ಬಿಡು."

"ನಾನೂ ಎರಡು ವರ್ಷ ಆ ಬಾಗಿಲಲ್ಲೇ ನಿಂತಿದ್ದೆ ಬಿಡಣ್ಣ" ಅಂದಳು ಅವಳು. ಅವನಿಗೆ ಅರ್ಥವಾಯಿತೋ ಇಲ್ಲವೋ.

ಭಯ ಹೋಯಿತು ಅಂತ ನಾನು ಸುಳ್ಳು ಬರೆಯಲಾರೆ. ಭಯ ಬಾಡಿಗೆದಾರನ ಹಾಗೆ, ಹೇಳಿದ ದಿನವೇ ಖಾಲಿ ಮಾಡುವುದಿಲ್ಲ. ಆದರೆ ನಾಲ್ಕು ದಿನ ಬಿಟ್ಟು ಅವಳು ದಿಂಬಿನ ಕೆಳಗಿಂದ ನಾದಿನಿಯ ಪಟ್ಟಿ ತೆಗೆದಳು. ಅದರಲ್ಲಿ ಒಂದನ್ನು ಆರಿಸಿ ಟಾರ್ಚಣ್ಣನನ್ನು ಕೇಳಿದಳು, "ಇದಕ್ಕೆ ಜನ ಹೇಗೆ ಬಂದ್ರು?"

"ಹೊಟ್ಟೆ ಹಿಡ್ಕೊಂಡು ಬಂದ್ರಮ್ಮ."

"ನಾನಂತೂ ಆಗ್ಲೇ ಹಿಡ್ಕೊಂಡಿದೀನಿ" ಅಂದಳು.

ಹಾಕಿದಳು. ಒಮ್ಮೆ ನಗುವುದು, ಟಿವಿ ನಿಲ್ಲಿಸುವುದು, ಹೊಟ್ಟೆಯ ಮೇಲೆ ಕೈಯಿಟ್ಟು ಕಾಯುವುದು. ಒದೆ ಬಿದ್ದ ಮೇಲೆಯೇ ಮುಂದಕ್ಕೆ. ಮಗು ನಿದ್ದೆಯಲ್ಲಿದ್ದರೆ ಏಳುವವರೆಗೂ ನಾಯಕ ಪರದೆಯ ಮೇಲೆ ಬಾಯಿ ತೆರೆದುಕೊಂಡು ನಿಂತಿರಬೇಕು. ಒಮ್ಮೊಮ್ಮೆ ಕಾಯುತ್ತ ಕಾಯುತ್ತ ಅವಳ ತುಟಿ ಮತ್ತೆ ಬೆಳ್ಳಗಾಗುತ್ತಿತ್ತು, ನಾನೂ ಉಸಿರು ಬಿಗಿಹಿಡಿದು ಕೂರುತ್ತಿದ್ದೆ. ಎರಡು ಗಂಟೆಯ ಸಿನಿಮಾಕ್ಕೆ ಒಂಬತ್ತು ದಿನ ಹಿಡಿಯಿತು.

ಒಂಬತ್ತನೆಯ ದಿನ ಟಾರ್ಚಣ್ಣ ತಾನೇ ಫೋನು ಮಾಡಿದ. "ಮುಗೀತೇನಮ್ಮಾ? ಹೇಗೆ ಬಂದೆ ಆಚೆಗೆ? ಮುಖ ಹೇಗಿದೆ?"

ಅವಳು ಹೊಟ್ಟೆಯ ಮೇಲಿನ ಕೈ ತೆಗೆಯದೆಯೇ ಹೇಳಿದಳು. "ಇನ್ನೂ ಒಳಗೇ ಇದೀವಣ್ಣ. ಈಗಲೇ ಬಾಗಿಲು ತೆಗೀಬೇಡ."