ನಿಂತಲ್ಲಿ ನಡುಗುವ ಕಾರು

ದೊಡ್ಡಮ್ಮನಿಗೆ ನೋಟ ಇದ್ದದ್ದು ಒಂದೇ ಕಣ್ಣಿನಲ್ಲಿ. ಇನ್ನೊಂದು, ಚಿಕ್ಕಂದಿನಲ್ಲಿ ಸಿಡುಬು ಬಂದಾಗಲೇ ಹೋಗಿತ್ತು. ಉಳಿದ ಆ ಒಂದು ಕಣ್ಣನ್ನು ನಂಬಿಕೊಂಡು ಅವರು ಕಾಪು ಪೇಟೆಯ ಒಂದು ಕೋಣೆಯಲ್ಲಿ ವರ್ಷಗಟ್ಟಲೆ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿದ್ದರು. ನನ್ನ ತಾಯಿ ತೀರಿಕೊಂಡ ಮೇಲೆ ನನ್ನನ್ನು ಸಾಕಿ, ಓದಿಸಿದವರೂ ಅವರೇ. ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ನಾನು ಕಾರ್ಕಳದಲ್ಲಿ ಹೈಸ್ಕೂಲು ಅಧ್ಯಾಪಕನಾಗಿ, ಮದುವೆಯಾಗಿ ನೆಲೆಯೂರಿದ್ದೆ. ಆಗ ದೊಡ್ಡಮ್ಮನ ಆ ಕಣ್ಣಿಗೂ ಪೊರೆ ಬಂತು. ಮೊದಲು ಸೂಜಿಗೆ ನೂಲು ಪೋಣಿಸಲಿಕ್ಕೆ ಆಗದೆ ಹೋಯಿತು. ಆಮೇಲೆ ಎದುರು ನಿಂತವರು ಯಾರೆಂದು ಸ್ವರ ಕೇಳಿಯೇ ಗುರುತಿಸುವಂತಾಯಿತು. ಮಣಿಪಾಲದಲ್ಲಿ ಶಸ್ತ್ರಚಿಕಿತ್ಸೆ ಎಂದು ನಿಶ್ಚಯವಾಯಿತು.

ಅದಕ್ಕೆ ಮುಂಚೆ ನಾವಿಬ್ಬರೂ ಡಾಕ್ಟರರನ್ನು ನೋಡಲು ಹೋದಾಗ ಅವರು ವಿವರವಾಗಿ ಹೇಳಿದ್ದರು. ಕಣ್ಣಿನೊಳಗೆ ಕೂದಲಿಗಿಂತ ತೆಳುವಾದ ಹೊಲಿಗೆ ಹಾಕುತ್ತಾರೆ. ಅದು ಕೂಡಿಕೊಳ್ಳುವ ತನಕ ತಲೆ ಅಲುಗಬಾರದು, ಬಗ್ಗಬಾರದು, ಕೆಮ್ಮಬಾರದು. ಮನೆಗೆ ಹೋಗುವಾಗ ಕುಲುಕಾಟ ಇರಬಾರದು. ದೊಡ್ಡಮ್ಮ ಎಲ್ಲವನ್ನೂ ಸಮಾಧಾನದಿಂದ ಕೇಳಿ, ಬಸ್ಸಿನಲ್ಲಿ ಹೋಗಬಹುದೇ ಎಂದು ವಿಚಾರಿಸಿದರು. ಡಾಕ್ಟರು ಬಸ್ಸಿನ ಮಾತೇ ಬೇಡ ಎಂದರು. ಬಾಡಿಗೆ ಕಾರು ಮಾಡುವ ಎಂದು ನಾನು ಹೇಳುವಷ್ಟರಲ್ಲಿ ದೊಡ್ಡಮ್ಮ ನನ್ನ ಕಡೆಗೆ ತಿರುಗಿದರು.

"ಬಾಡಿಗೆ ಕಾರಿನವರು ಓಡಿಸುವುದು ನನಗೆ ಗೊತ್ತುಂಟು. ನಿನ್ನ ಕಾರು ಉಂಟಲ್ಲ, ನೀನೇ ಬಾ. ಬೇರೆಯವರ ಕಾರಿಗೆ ನಾನು ಹತ್ತುವುದಿಲ್ಲ."

ಆದರೆ ನನ್ನ ಕಾರು ಆ ಮಳೆಗಾಲದಿಂದ ನಡುಗಲು ಶುರುಮಾಡಿತ್ತು.

ಅದು ನನ್ನ ಮಾವನವರ ಕಾರು. ಅವರು ಉಡುಪಿಯಲ್ಲಿ ವಕೀಲರಾಗಿದ್ದವರು. ವಯಸ್ಸಾಗಿ ಕಾರು ಬಿಡುವುದನ್ನು ನಿಲ್ಲಿಸಿದ ಮೇಲೆ ನಮಗೆ ಕೊಟ್ಟಿದ್ದರು. ಗುಂಡು ಮೂತಿ, ಅಗಲವಾದ ಹಿಂದಿನ ಸೀಟು, ನನಗಿಂತ ಕೆಲವೇ ವರ್ಷ ಚಿಕ್ಕದು. ರಸ್ತೆಯಲ್ಲಿ ಓಡುವಾಗ ಅದರ ಬಗ್ಗೆ ಒಂದು ದೂರೂ ಇರಲಿಲ್ಲ. ನಿಲ್ಲಿಸಿದರೆ ಮಾತ್ರ, ಅದೂ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಜ್ವರ ಬಂದವರ ಹಾಗೆ ನಡುಗುತ್ತಿತ್ತು. ಸ್ಟೀರಿಂಗ್ ಅದುರುತ್ತಿತ್ತು, ಕಿಟಕಿಯ ಗಾಜು ಗಿಟಗಿಟ ಎನ್ನುತ್ತಿತ್ತು, ಸೀಟಿನಲ್ಲಿ ಕೂತವರ ಗಲ್ಲ ಅಲುಗುತ್ತಿತ್ತು. ಸ್ವಲ್ಪ ಹೊತ್ತು ಹಾಗೆ ನಡುಗಿ ತಟ್ಟನೆ ಸುಮ್ಮನಾಗುತ್ತಿತ್ತು. ಒಮ್ಮೆ ಹಾಗೆ ನಿಂತಿತೆಂದರೆ ತಣಿಯುವ ತನಕ ಸ್ಟಾರ್ಟ್ ಆಗುವುದಿಲ್ಲ.

ಅಲ್ಲಿಯ ತನಕ ಅದನ್ನು ನಾವು ತಮಾಷೆಯಾಗಿ ತೆಗೆದುಕೊಂಡಿದ್ದೆವು. ಆ ದಿನದ ನಂತರ ತಮಾಷೆ ಮುಗಿಯಿತು. ಪಾಠ ಮಾಡುವಾಗಲೂ ನನಗೆ ಆ ಗಿಟಗಿಟ ಕೇಳಿಸುತ್ತಿತ್ತು. ಕಾಣದಷ್ಟು ತೆಳುವಾದ ಒಂದು ಹೊಲಿಗೆ, ಅದರ ಪಕ್ಕದಲ್ಲಿ ನನ್ನ ಕಾರಿನ ಎಂಜಿನ್. ಕಣ್ಣು ಮುಚ್ಚಿದರೆ ಎರಡೂ ಒಟ್ಟಿಗೆ ಬರುತ್ತಿದ್ದವು.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ಬಾನೆಟ್ ತೆರೆಯುವುದು ಅಭ್ಯಾಸವಾಯಿತು. ಪ್ಲಗ್ಗುಗಳನ್ನು ಬಿಚ್ಚಿ, ಮಸಿ ಒರೆಸಿ, ಮರಳು ಕಾಗದ ಹಾಕಿ ತಿಕ್ಕಿದೆ. ಒಂದು ದಿನ ಸರಿಯಾಯಿತು ಅನ್ನಿಸಿತು, ಮರುದಿನ ಮತ್ತೆ ಅದೇ. ಉಡುಪಿಯ ಗ್ಯಾರೇಜಿಗೆ ಕೊಂಡುಹೋದೆ. ಅಲ್ಲಿಯ ಮೆಕ್ಯಾನಿಕ್ ಪ್ಲಗ್ಗಿಗೆ ಕಿಡಿ ಕೊಡುವ ಪಾಯಿಂಟ್ ಹೊಸದು ಹಾಕಿದ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು ಗಾಳಿ ಊದಿದ, ಟ್ಯಾಂಕಿನ ತಳದಲ್ಲಿದ್ದ ನೀರನ್ನು ಬಸಿದ. ಅವನು ಮೋಸದವನಲ್ಲ, ಮನಸ್ಸಿಟ್ಟೇ ಮಾಡಿದ. ಆದರೆ ಅವನು ಬಿಚ್ಚುವ ಹೊತ್ತಿಗೆ ಎಂಜಿನ್ ತಣಿದಿರುತ್ತಿತ್ತು. ತಣಿದ ಮೇಲೆ ಅದರಷ್ಟು ಸಾಧು ಬೇರೆ ಇಲ್ಲ. ಕೊನೆಗೆ ಅವನು ಒಂದು ಸ್ಕ್ರೂ ತಿರುಗಿಸಿ, ಕಾರು ನಿಂತಾಗಲೂ ಎಂಜಿನ್ ಜೋರಾಗಿ ತಿರುಗುವಂತೆ ಮಾಡಿಕೊಟ್ಟ. ಇದಕ್ಕಿಂತ ಹೆಚ್ಚು ಮಾಡಬೇಕಾದರೆ ಎಂಜಿನ್ನನ್ನೇ ಇಳಿಸಬೇಕು ಎಂದ. ಅಷ್ಟು ದಿನ ನಮ್ಮಲ್ಲಿ ಇರಲಿಲ್ಲ.

ಹೆಂಡತಿ ಒಂದು ಪರೀಕ್ಷೆ ಮಾಡಿದಳು. ಸ್ಟೀಲ್ ಲೋಟದ ತುಂಬ ನೀರು ತುಂಬಿಸಿ, ಹಿಂದಿನ ಸೀಟಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಕಾರ್ಕಳದಿಂದ ಹಿರಿಯಡ್ಕದ ತನಕ ಹೋದೆವು. ಗುಂಡಿಗಳನ್ನು ತಪ್ಪಿಸಿ ನಿಧಾನವಾಗಿ ಹೋದದ್ದರಿಂದ ಲೋಟದಿಂದ ಹೆಚ್ಚು ನೀರು ಚೆಲ್ಲಲಿಲ್ಲ. ಹಿರಿಯಡ್ಕದ ಪೇಟೆಯಲ್ಲಿ ಎದುರು ಬಸ್ಸು ಅಡ್ಡ ನಿಂತು ನಾವೂ ನಿಲ್ಲಬೇಕಾಯಿತು. ಕಾರು ಮೊದಲಿನ ಹಾಗೆಯೇ ನಡುಗಿ, ಸ್ಕ್ರೂ ತಿರುಗಿಸಿದ್ದೆಲ್ಲ ಸುಳ್ಳಾಯಿತು. ಅವಳ ಸೀರೆ ಒದ್ದೆಯಾದದ್ದನ್ನು ಕನ್ನಡಿಯಲ್ಲಿ ನೋಡಿದೆ. ಅವಳು ಉಳಿದ ನೀರನ್ನು ಕಿಟಕಿಯಿಂದ ಹೊರಗೆ ಚೆಲ್ಲಿದಳು.

ವಾಪಸು ಬರುವಾಗ, ದೊಡ್ಡಮ್ಮನಿಗೆ ಹೇಳಿ ಬಾಡಿಗೆ ಕಾರಿಗೆ ಒಪ್ಪಿಸುವ ಎಂದಳು. ನಾನು ಹೇಳಿಯೂ ನೋಡಿದೆ. ಆ ಹೊತ್ತಿಗೆ ಶಸ್ತ್ರಚಿಕಿತ್ಸೆ ಆಗಿ, ದೊಡ್ಡಮ್ಮ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ತಲೆಯ ಎರಡೂ ಬದಿಗೆ ಮರಳಿನ ಚೀಲ ಇಟ್ಟುಕೊಂಡು ಅಲುಗದೆ ಮಲಗಿದ್ದರು. ನನ್ನ ಮಾತು ಕೇಳಿ ಅವರ ಕೈ ನನ್ನ ಕೈಯನ್ನು ಹುಡುಕಿತು. ಅಪರಿಚಿತರ ಕಾರಿನಲ್ಲಿ ಕತ್ತಲೆಯಲ್ಲಿ ಕೂತು ಹೋಗಲಿಕ್ಕೆ ಹೆದರಿಕೆ ಆಗುತ್ತದೆ ಎಂದರು. ಯಾವತ್ತೂ ಹೆದರಿಕೆ ಎಂಬ ಶಬ್ದ ಅವರ ಬಾಯಿಂದ ನಾನು ಕೇಳಿದವನಲ್ಲ. ಮತ್ತೆ ಮಾತು ಎತ್ತಲಿಲ್ಲ.

ದೊಡ್ಡಮ್ಮನನ್ನು ಕಾಪುವಿನ ಮನೆಗೆ ಕಳಿಸುವ ದಿನ ಬಂತು. ಚಳಿ ಮುಗಿದು ಸೆಖೆ ಏರುತ್ತಿದ್ದ ಕಾಲ. ಬೆಳಿಗ್ಗೆ ಬೇಗ ಹೋದರೆ ಎಂಜಿನ್ ಬಿಸಿಯಾಗುವುದಿಲ್ಲ ಎಂದು ನನ್ನ ಲೆಕ್ಕ. ಆದರೆ ಆಸ್ಪತ್ರೆಯಲ್ಲಿ ಪಟ್ಟಿ ಬದಲಿಸಿ ಬಿಡುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಹಿಂದಿನ ಸೀಟಿನಲ್ಲಿ ಹೆಂಡತಿ ಕೂತು, ದೊಡ್ಡಮ್ಮನ ತಲೆಯನ್ನು ತೊಡೆಯ ಮೇಲೆ ದಿಂಬಿಟ್ಟು ಮಲಗಿಸಿಕೊಂಡಳು. ಎರಡು ಅಂಗೈಗಳಿಂದ ಕೆನ್ನೆಗಳನ್ನು ಹಿಡಿದಳು. ನಾನು ಸ್ಟಾರ್ಟ್ ಮಾಡಿದೆ.

ಮಣಿಪಾಲದ ಇಳಿಜಾರು, ಇಂದ್ರಾಳಿ, ಕುಂಜಿಬೆಟ್ಟು. ಎಲ್ಲೂ ನಿಲ್ಲಬಾರದು, ಇಷ್ಟೇ ನನ್ನ ತಲೆಯಲ್ಲಿ. ಎದುರಿಗೆ ದನ ಕಂಡರೆ ದೂರದಿಂದಲೇ ನಿಧಾನ ಮಾಡುತ್ತಿದ್ದೆ. ಕಲ್ಸಂಕದಲ್ಲಿ ಒಮ್ಮೆ ನಿಲ್ಲಲೇಬೇಕಾಯಿತು. ಬಲಗಾಲಿನ ಹಿಮ್ಮಡಿಯನ್ನು ಬ್ರೇಕಿನ ಮೇಲೂ ಬೆರಳನ್ನು ಆಕ್ಸಿಲರೇಟರ್ ಮೇಲೂ ಇಟ್ಟು, ಎಂಜಿನ್ನನ್ನು ರೊಂಯ್ ಎನ್ನಿಸುತ್ತಲೇ ಹಿಡಿದುಕೊಂಡೆ. ಆಗ ನಡುಕ ಇರುವುದಿಲ್ಲ. ದಾರಿ ಬಿಟ್ಟಿತು, ಮುಂದೆ ಹೋದೆವು. ಕಿನ್ನಿಮೂಲ್ಕಿ ದಾಟಿ ಹೆದ್ದಾರಿಗೆ ಬಂದಾಗ, ಇನ್ನು ಕಾಪುವಿನ ತನಕ ಸಲೀಸು ಅಂದುಕೊಂಡೆ.

ಉದ್ಯಾವರದ ಸೇತುವೆಯ ಮೇಲೆ ಲಾರಿಯೊಂದು ಟಯರು ಹೋಗಿ ನಿಂತಿತ್ತು. ಅದರ ಹಿಂದೆ ವಾಹನಗಳ ಸಾಲು. ನಾನು ಹಿಂದಕ್ಕೆ ಹೋಗುವ ಎಂದು ನೋಡಿದರೆ ಆಗಲೇ ಒಂದು ಬಸ್ಸು ಬಂದು ಬೆನ್ನಿಗೆ ಅಂಟಿಕೊಂಡಿತ್ತು. ಕೆಳಗೆ ಹೊಳೆಯ ನೀರು, ಮೇಲೆ ಬಿಸಿಲು. ಸ್ವಲ್ಪ ಹೊತ್ತು ಹಿಮ್ಮಡಿ ಬೆರಳುಗಳ ಸರ್ಕಸ್ಸು ನಡೆಯಿತು. ಆಮೇಲೆ ಕಾಲು ಸೋತು ಒಂದು ಗಳಿಗೆ ಜಾರಿದ್ದೇ, ಕಾರು ಬುಡದಿಂದ ಅದುರಿತು. ಹೆಂಡತಿ ಹಿಂದಿನಿಂದ, ಏರಿಸದ ಸ್ವರದಲ್ಲಿ, "ಆಫ್ ಮಾಡಿ, ಈಗಲೇ" ಎಂದಳು. ನಾನು ಕೀಲಿಗೆ ಕೈ ಹಾಕುವ ಮೊದಲೇ ಎಂಜಿನ್ ತಾನಾಗಿ ಸತ್ತಿತು.

ಲಾರಿ ಬದಿಗೆ ಸರಿದು ಮುಂದಿನ ವಾಹನಗಳು ಹೊರಟವು. ನಾನು ಕೀಲಿ ತಿರುಗಿಸಿದರೆ ಬರೀ ಕರ್‌ ಕರ್. ಹಿಂದಿನ ಬಸ್ಸು ಹಾರನ್ ಹೊಡೆಯಿತು. ಅದರ ಹಿಂದಿನದೂ ಹೊಡೆಯಿತು. ಬಸ್ಸಿನ ಕಂಡಕ್ಟರ್ ಇಳಿದು ಬಂದ. ಅವನ ಹಿಂದೆ ನಾಲ್ಕೈದು ಮಂದಿ. ತಳ್ಳಿ ಸ್ಟಾರ್ಟ್ ಮಾಡುವ, ಗೇರು ಹಾಕಿ ಕ್ಲಚ್ ಬಿಡಿ ಎಂದು ಅವರು ಆಗಲೇ ಕಾರಿನ ಹಿಂಭಾಗಕ್ಕೆ ಕೈ ಕೊಟ್ಟಿದ್ದರು. ತಳ್ಳಿ ಸ್ಟಾರ್ಟ್ ಮಾಡುವಾಗ ಆ ಕಾರು ಹೇಗೆ ಎಗರುತ್ತಿತ್ತೆಂದು ನನಗೆ ಗೊತ್ತಿತ್ತು. ನಾನು ಬಾಗಿಲು ತೆರೆದು ಇಳಿದು, ಎರಡೂ ಕೈ ಎತ್ತಿ ತಡೆದೆ.

"ಸ್ಟಾರ್ಟ್ ಮಾಡುವುದು ಬೇಡ. ಒಳಗೆ ಕಣ್ಣಿನ ಆಪರೇಷನ್ ಆದವರು ಇದ್ದಾರೆ. ತಲೆ ಅಲುಗಿದರೆ ಕಣ್ಣು ಹೋಗ್ತದೆ. ಮೆಲ್ಲ ದೂಡಿ, ಸಾಕು."

ಕಂಡಕ್ಟರ್ ಬಗ್ಗಿ ಕಿಟಕಿಯೊಳಗೆ ನೋಡಿದ. ಪಟ್ಟಿ ಕಟ್ಟಿದ ಮುಖ, ಅದನ್ನು ಹಿಡಿದ ಎರಡು ಕೈಗಳು. ಅವನು ಹಿಂದಕ್ಕೆ ತಿರುಗಿ ತನ್ನ ಡ್ರೈವರನಿಗೆ ಹಾರನ್ ನಿಲ್ಲಿಸುವಂತೆ ಕೈಸನ್ನೆ ಮಾಡಿದ. ಆಮೇಲೆ ಅವರೆಲ್ಲ, ತುಂಬಿದ ಕೊಡ ಹೊತ್ತವರ ಹಾಗೆ, ಕಾರನ್ನು ಸೇತುವೆ ದಾಟಿಸಿದರು. ನಾನು ಕಿಟಕಿಯಿಂದ ಸ್ಟೀರಿಂಗ್ ಹಿಡಿದು ಪಕ್ಕದಲ್ಲಿ ನಡೆದೆ. ಆಚೆ ಬದಿಯಲ್ಲಿ ಒಂದು ಮರದ ನೆರಳಿಗೆ ಕಾರನ್ನು ತಂದು ನಿಲ್ಲಿಸಿ ಅವರು ಬಸ್ಸು ಹತ್ತಿ ಹೋದರು.

ಬಾನೆಟ್ ಎತ್ತಿದರೆ ಮುಖಕ್ಕೆ ಬೆಂಕಿ ಬಡಿದ ಹಾಗೆ ಬಿಸಿ. ಪೆಟ್ರೋಲು ಬಿಸಿಗೆ ಆವಿಯಾಗಿ ಪಂಪು ಎಳೆಯುವುದಿಲ್ಲ, ಒದ್ದೆ ಬಟ್ಟೆ ಹಾಕಿ ತಣಿಸಬೇಕೆಂದು ಯಾರೋ ಹೇಳಿದ್ದು ನೆನಪಾಯಿತು. ಹತ್ತಿರದ ಮನೆಯಿಂದ ಒಂದು ಕೊಡಪಾನ ನೀರು ಬೇಡಿ ತಂದೆ. ಹೆಗಲ ಮೇಲಿನ ತೆಳು ಟವಲು, ಬೈರಾಸನ್ನು, ಅದ್ದಿ ಪಂಪಿನ ಮೇಲೂ ಕಾರ್ಬುರೇಟರಿನ ಮೇಲೂ ಹೊದೆಸಿದೆ. ಆವಿ ಎದ್ದಿತು. ಮತ್ತೆ ಅದ್ದಿದೆ, ಮತ್ತೆ ಹೊದೆಸಿದೆ. ನಡುನಡುವೆ ಕಿಟಕಿಯ ಬಳಿ ಹೋಗಿ ದೊಡ್ಡಮ್ಮನ ಮುಖ ನೋಡುತ್ತಿದ್ದೆ. ಅವರ ತುಟಿ ಬಿಗಿದಿತ್ತು. ಪಟ್ಟಿಯ ಕೆಳಗಿನಿಂದ ಒಂದು ಹನಿ ಇಳಿದು ಕೆನ್ನೆಯ ಮೇಲೆ ನಿಂತಿತ್ತು. ಅದು ಬೆವರೋ ಕಣ್ಣಿನ ನೀರೋ ಇನ್ನೇನೋ. ಕೇಳಲು ನನಗೆ ಧೈರ್ಯವಾಗಲಿಲ್ಲ.

ಎಂಜಿನ್ ಸಾಕಷ್ಟು ತಣಿದಿದೆ ಅನ್ನಿಸಿದಾಗ ಸ್ಟಾರ್ಟ್ ಮಾಡಿದೆ. ಹತ್ತಿಕೊಂಡಿತು, ಕೂಡಲೇ ನಡುಗಲು ಶುರುವಾಯಿತು. ನಿಲ್ಲಿಸಬೇಕೆಂದು ಕೀಲಿಗೆ ಕೈ ಹಾಕಿದ್ದೇನೆ, ಅಷ್ಟರಲ್ಲಿ ನಡುಕ ತಾನಾಗಿ ನಿಂತಿತು. ಎಂಜಿನ್ ಮಾತ್ರ ನಿಲ್ಲಲಿಲ್ಲ. ಹೊಸ ಕಾರಿನ ಹಾಗೆ ಸಣ್ಣಗೆ ಗುನುಗುತ್ತಿತ್ತು. ನಂಬಿಕೆ ಬರದೆ ಇಳಿದು ನೋಡಿದೆ. ಬೈರಾಸು ಜಾರಿ, ಅದರ ಒದ್ದೆ ಅಂಚು ಕಾರ್ಬುರೇಟರಿನ ಬುಡಕ್ಕೆ ಬಿದ್ದಿತ್ತು. ಬಿದ್ದದ್ದು ಮಾತ್ರವಲ್ಲ, ಯಾರೋ ಒಳಗಿನಿಂದ ಎಳೆದುಕೊಂಡ ಹಾಗೆ ಅಲ್ಲಿ ಅಂಟಿಕೊಂಡಿತ್ತು. ಮೆಲ್ಲನೆ ಬಿಡಿಸಿದೆ. ಸ್ಸ್ ಎಂದು ಸಣ್ಣ ಶಬ್ದ, ಕೂಡಲೇ ನಡುಕ. ಮತ್ತೆ ಒತ್ತಿದೆ, ಶಾಂತ.

ಕಾರ್ಬುರೇಟರ್ ಮತ್ತು ಎಂಜಿನ್ನಿನ ನಡುವಿನ ಸಂದು ಮುಚ್ಚುವ ಹಾಳೆ, ಪ್ಯಾಕಿಂಗ್, ಎಲ್ಲೋ ಸೀಳಿತ್ತು. ಬಿಸಿಯಾದಾಗ ಆ ಸೀಳು ಬಾಯಿ ಬಿಟ್ಟು, ಬೇಡದ ಗಾಳಿಯನ್ನು ಒಳಗೆ ಎಳೆಯುತ್ತಿತ್ತು. ಓಡುವಾಗ ಅಷ್ಟು ಗಾಳಿ ಲೆಕ್ಕಕ್ಕಿಲ್ಲ. ನಿಂತಾಗ ಅದೇ ಎಂಜಿನ್ನಿನ ಉಸಿರು ಕಟ್ಟಿಸುತ್ತಿತ್ತು. ತಿಂಗಳುಗಟ್ಟಲೆ ಹುಡುಕಿದ್ದು ಬೆರಳಗಲದ ಜಾಗದಲ್ಲಿತ್ತು. ಸಂತೋಷಪಡಲು ಆಗ ನನ್ನಲ್ಲಿ ತ್ರಾಣ ಇರಲಿಲ್ಲ. ಬೈರಾಸಿನ ಅಂಚು ಹರಿದು, ಅದ್ದಿ, ಆ ಜಾಗಕ್ಕೆ ಬಿಗಿಯಾಗಿ ಸುತ್ತಿ ಹುರಿಯಿಂದ ಕಟ್ಟಿದೆ. ಕಟಪಾಡಿಯಲ್ಲಿ ಒಮ್ಮೆ ಇಳಿದು ಮತ್ತೆ ನೀರು ಹನಿಸಿದೆ. ಕಾರು ಕಾಪುವಿನ ಮನೆಯಂಗಳಕ್ಕೆ ಬಂದು, ನಡುಗದೆ ನಿಂತಿತು.

ಆದರೆ ಸೇತುವೆಯ ಮೇಲಿನ ಆ ಅದುರಾಟ ಆಗಿಹೋಗಿತ್ತಲ್ಲ. ಸಂಜೆ ದೊಡ್ಡಮ್ಮ ಕಣ್ಣಿನೊಳಗೆ ಮರಳು ಬಿದ್ದ ಹಾಗೆ ಆಗುತ್ತದೆ ಎಂದರು. ಪಟ್ಟಿ ಬಿಚ್ಚಿ ನೋಡುವ ಹಾಗಿಲ್ಲ. ಮರುದಿನ ನಾನು ಬಸ್ಸಿನಲ್ಲಿ ಮಣಿಪಾಲಕ್ಕೆ ಹೋಗಿ ಕೇಳಿದೆ. ನೋವು ಜೋರಾದರೆ ಕರೆತನ್ನಿ, ಇಲ್ಲದಿದ್ದರೆ ಹೇಳಿದ ದಿನವೇ ಬನ್ನಿ ಎಂದರು. ಜೋರು ಅಂದರೆ ಎಷ್ಟು ಎಂದು ಯಾರಿಗೆ ಗೊತ್ತು. ದೊಡ್ಡಮ್ಮ ಸುಲಭಕ್ಕೆ ನೋವು ಹೇಳುವವರಲ್ಲ. ಅವರು ನಿಟ್ಟುಸಿರು ಬಿಟ್ಟರೂ ನಾನು ಎದ್ದು ನಿಲ್ಲುತ್ತಿದ್ದೆ. ಆ ದಿನಗಳಲ್ಲಿ ಒಮ್ಮೆ ಉಡುಪಿಗೆ ಹೋಗಿ ಹೊಸ ಪ್ಯಾಕಿಂಗ್ ಹಾಕಿಸಿದೆ. ಮೆಕ್ಯಾನಿಕ್ ಹಳೆಯದನ್ನು ಬೆಳಕಿಗೆ ಹಿಡಿದು ಸೀಳು ತೋರಿಸಿದ. ನಾನು ಸರಿಯಾಗಿ ನೋಡಲೂ ಇಲ್ಲ.

ಪಟ್ಟಿ ಬಿಚ್ಚುವ ದಿನ ಕಾರು ಒಂದು ಚೂರೂ ತಕರಾರು ಮಾಡಲಿಲ್ಲ. ಡಾಕ್ಟರು ಹತ್ತಿಯನ್ನು ಮೆಲ್ಲ ಎತ್ತಿ, ಕಣ್ಣು ತೆರೆಯಲು ಹೇಳಿದರು. ದೊಡ್ಡಮ್ಮ ತೆರೆದರು. ರೆಪ್ಪೆ ಒಂದೆರಡು ಸಲ ಬಡಿದರು. ಆಮೇಲೆ, "ಎಲ್ಲ ನೀಲಿ ಕಾಣ್ತದೆ" ಎಂದರು.

ಹೆಂಡತಿ ನನ್ನ ತೋಳು ಹಿಡಿದಳು. ಡಾಕ್ಟರು ಮಾತ್ರ ತಲೆಯಾಡಿಸಿ, ಪೊರೆ ತೆಗೆದ ಹೊಸದರಲ್ಲಿ ಹಲವರಿಗೆ ಹಾಗೇ ಕಾಣುತ್ತದೆ, ತಾನಾಗಿ ಹೋಗುತ್ತದೆ ಎಂದರು. ಕೈಬೆರಳು ತೋರಿಸಿ ಎಷ್ಟು ಎಂದು ಕೇಳಿದರು. ದೊಡ್ಡಮ್ಮ ಸರಿಯಾಗಿ ಹೇಳಿದರು. ಬೆರಳು ಬದಲಿಸಿದರು, ಮತ್ತೆ ಸರಿಯಾಗಿ ಹೇಳಿದರು. ಸಣ್ಣ ಟಾರ್ಚು ಬಿಟ್ಟು ನೋಡಿ, ಹೊಲಿಗೆ ಇದ್ದ ಹಾಗೆಯೇ ಉಂಟು ಎಂದರು. ನಾನು ಹೊರಗೆ ವರಾಂಡಕ್ಕೆ ಬಂದು ಬೆಂಚಿನ ಮೇಲೆ ಕೂತೆ.

ದಪ್ಪ ಗಾಜಿನ ಕನ್ನಡಕ ಬಂದ ಮೇಲೆ, ಒಂದು ದಿನ ಕಾಪುವಿನ ಮನೆಯ ಜಗಲಿಯಲ್ಲಿ ಚಹಾ ಕುಡಿಯುತ್ತ ಕೂತಿದ್ದಾಗ ನಾನು ಆ ಪ್ರಯಾಣದ ಮಾತು ಎತ್ತಿದೆ. ಕಾರು ಅದುರಿದಾಗ ತುಂಬ ಹೆದರಿದಿರಾ ಎಂದು ಕೇಳಿದೆ.

"ಕಾರು ಅದುರಿದ್ದಕ್ಕೆ ಎಂತ ಹೆದರುವುದು ಮಾರಾಯ, ಅದು ಮೊದಲೇ ಅದುರುವ ಕಾರು ಅಲ್ವಾ" ಎಂದರು ದೊಡ್ಡಮ್ಮ. ಲೋಟ ಕೆಳಗಿಟ್ಟರು. "ಮಣಿಪಾಲದಿಂದ ಹೊರಟವ ನೀನು ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಕತ್ತಲೆಯಲ್ಲಿ ನಿನ್ನ ಸ್ವರ ಕೇಳುತ್ತದಾ ಎಂದು ಕಾದೆ. ಕೇಳಿದ್ದು ಸೇತುವೆಯಲ್ಲಿ ಮಾತ್ರ, ಅದೂ ಬೇರೆಯವರಿಗೆ ಹೇಳಿದ್ದು. ನನಗೆ ಗೊತ್ತಾಗದ ಎಂತದೋ ನಿನಗೆ ಗೊತ್ತುಂಟು, ಕಣ್ಣು ಹೋಯಿತು ಅಂತ ಡಾಕ್ಟರು ನಿನ್ನ ಹತ್ತಿರ ಹೇಳಿದ್ದಾರೆ ಅಂತ ಗ್ರಹಿಸಿದೆ. ಆಗ ಹೆದರಿದ್ದು."

ಹಾಗೇನೂ ಇರಲಿಲ್ಲ, ಎಂಜಿನ್ನಿನ ಕಡೆಗೇ ಕಿವಿ ಕೊಟ್ಟಿದ್ದೆ ಎಂದೆ. ಅದು ಈಗ ಗೊತ್ತಾಯಿತು ಎಂದು ಅವರು ಲೋಟ ಎತ್ತಿಕೊಂಡು ಒಳಗೆ ಹೋದರು.