ಪತ್ರಿಕೆಯಲ್ಲಿ ಬಿದ್ದ ಮಳೆ

ಬೇಸಿಗೆ ಎಷ್ಟು ಏರಿದೆ ಎಂಬುದನ್ನು ಹಿರೇಬೆಂಡಿಗೇರಿಯಲ್ಲಿ ನಾವು ಬಾವಿಯ ಹಗ್ಗ ನೋಡಿ ಹೇಳುತ್ತಿದ್ದೆವು. ಯುಗಾದಿಯ ಹೊತ್ತಿಗೆ ಹಗ್ಗದಲ್ಲಿ ಒಂದು ಗಂಟು ಕಾಣುತ್ತಿತ್ತು. ನೀರು ಕೆಳಗಿಳಿದು, ಹಗ್ಗ ಸಾಲದೆ, ಇನ್ನೊಂದು ತುಂಡು ಸೇರಿಸಿದ್ದಾರೆ ಎಂದು ಅದರ ಅರ್ಥ. ಬಸವ ಜಯಂತಿ ದಾಟಿದರೆ ಎರಡನೆಯ ಗಂಟು. ಮೂರನೆಯದು ಬಿತ್ತೆಂದರೆ ಕೊಡದಲ್ಲಿ ನೀರಿಗಿಂತ ರಾಡಿಯೇ ಹೆಚ್ಚು. ಯುದ್ಧದ ಕಾಲದ ಒಂದು ಬೇಸಿಗೆಯಲ್ಲಿ, ನನಗೆ ಹದಿನಾಲ್ಕು ತುಂಬಿದ್ದಾಗ, ಮೂರೂ ಗಂಟು ಬಿದ್ದು ಜನ ನಾಲ್ಕನೆಯದಕ್ಕೆ ಹಗ್ಗ ಹುಡುಕುತ್ತಿದ್ದರು.

ಆ ದಿನಗಳಲ್ಲಿ ಅವ್ವ ನೀರನ್ನು ತುಪ್ಪದ ಹಾಗೆ ಬಡಿಸುತ್ತಿದ್ದಳು. ಮುಖ ತೊಳೆದ ನೀರು ಬೋಗುಣಿಯಲ್ಲಿ ಬೀಳಬೇಕು, ಅದೇ ನೀರಿನಲ್ಲಿ ಪಾತ್ರೆಯ ಬೂದಿ ತೊಳೆಯಬೇಕು, ಉಳಿದದ್ದು ಎಮ್ಮೆಯ ಕಲಗಚ್ಚಿಗೆ ಹೋಗಬೇಕು. ನಾನು ಒಮ್ಮೆ ಸೆಕೆ ತಾಳಲಾರದೆ ಒಂದು ತಂಬಿಗೆ ನೀರನ್ನು ತಲೆಯ ಮೇಲೆ ಸುರಿದುಕೊಂಡೆ. ಅವ್ವ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಬೈದಿದ್ದರೆ ಎಷ್ಟೋ ತಣ್ಣಗಾಗುತ್ತಿತ್ತು.

ನೀರಿಗೆ ಬರವಿದ್ದರೂ ಮಳೆಯ ಸುದ್ದಿಗೆ ಬರವಿರಲಿಲ್ಲ. ಪಂಚಾಂಗದಲ್ಲಿ ಒಂದೊಂದು ಮಳೆ ನಕ್ಷತ್ರಕ್ಕೆ ಒಂದೊಂದು ವಾಹನ ಬರೆದಿರುತ್ತದೆ. ಕಪ್ಪೆಯ ಮೇಲೋ ಎಮ್ಮೆಯ ಮೇಲೋ ಕುಳಿತು ಬಂದರೆ ಒಳ್ಳೆಯ ಮಳೆ, ನರಿಯ ಮೇಲೆ ಬಂದರೆ ಇಲ್ಲ. ಆ ವರ್ಷ ರೋಹಿಣಿಗೆ ಕಪ್ಪೆ ಸಿಕ್ಕಿತ್ತು. ಸಾಲದ್ದಕ್ಕೆ, ಸವಣೂರಿನಿಂದ ವೀಳ್ಯದೆಲೆ ಮಾರಲು ಬರುತ್ತಿದ್ದ ಮುದುಕರೊಬ್ಬರಿದ್ದರು. ಊರಿನ ಮಕ್ಕಳೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು. ಬುಟ್ಟಿ ಇಳಿಸಿ, ಒದ್ದೆ ಗೋಣಿತಟ್ಟು ಸರಿಸಿ, ಎಲೆ ಎಣಿಸುತ್ತಲೇ ಅವರು ಸುದ್ದಿ ಬಿಚ್ಚುತ್ತಿದ್ದರು.

“ಹಾನಗಲ್ಲಾಗ ನಿನ್ನಿ ಮಸ್ತ್ ಹೊಡದೈತ್ರಿ ಅವ್ವಾರ. ಇವತ್ತ ನಾಳೆ ಇಲ್ಲಿಗೂ ಬರ್ತೈತಿ.”

“ಕಣ್ಣಾರೆ ನೋಡೀರೇನು ಚಾಚಾ?” ಎಂದು ಅವ್ವ ಕೇಳಿದರೆ, “ನೋಡಿದವರ ಬಾಯಿಲೆ ಕೇಳೇನ್ರಿ” ಎನ್ನುತ್ತಿದ್ದರು.

ಹಾನಗಲ್ಲಿಗೆ ಹೋದಾಗ ಅವರೇ ನಮ್ಮ ಶಿಗ್ಗಾಂವಿಯ ಕಡೆ ಮಳೆಯಾಯಿತೆಂದು ಹೇಳುತ್ತಿದ್ದರಂತೆ. ಸುಳ್ಳುಗಾರರೇನಲ್ಲ. ಹಸಿ ಎಲೆ ಕೊಟ್ಟು ಒಣ ಸುದ್ದಿ ಹೇಳಲು ಅವರಿಗೆ ಮನಸ್ಸು ಬರುತ್ತಿರಲಿಲ್ಲ, ಅಷ್ಟೇ.

ಇವರೆಲ್ಲರ ನಡುವೆ ಮಳೆಯ ಬಗ್ಗೆ ನೆಟ್ಟಗೆ ಮಾತಾಡುವವನು ನಮ್ಮ ಅಪ್ಪ ಒಬ್ಬನೇ. ಅವನು ಊರಿನ ಕನ್ನಡ ಶಾಲೆಯ ಮಾಸ್ತರ. ಧಾರವಾಡದಿಂದ ಬರುತ್ತಿದ್ದ ಒಂದು ವಾರಪತ್ರಿಕೆಗೆ ಊರಿನ ಮಳೆ–ಬೆಳೆಯ ಸುದ್ದಿಯನ್ನು ಪ್ರತಿ ವಾರ ಕಾರ್ಡಿನಲ್ಲಿ ಬರೆದು ಕಳಿಸುತ್ತಿದ್ದ. ಎರಡು ಮೂರು ಸಾಲು, ಅದಕ್ಕಿಂತ ಹೆಚ್ಚು ಹಾಕುತ್ತಿರಲಿಲ್ಲ. ಆ ಎರಡು ಸಾಲಿಗಾಗಿ ಅವನು ಮಳೆ ಬಂದ ಮರುದಿನ ಬೆಳಗ್ಗೆ ನಾಲ್ಕು ದಿಕ್ಕಿನ ನಾಲ್ಕು ಹೊಲಕ್ಕೆ ಹೋಗಿ, ಕೈಯಿಂದ ಮಣ್ಣು ತೋಡಿ, ಹಸಿ ಎಷ್ಟು ಬೆರಳು ಇಳಿದಿದೆ ಎಂದು ನೋಡಿ ಬರುತ್ತಿದ್ದ. ಮೇಲೆ ತೊಯ್ದು ಒಳಗೆ ಧೂಳಿದ್ದರೆ ಅದನ್ನು ಮಳೆಯೆಂದು ಬರೆಯುತ್ತಿರಲಿಲ್ಲ. ಊರಿನ ಹಿರಿಯರು, “ಏನ್ರಿ ಮಾಸ್ತರ, ಒಂದೀಟು ಚಂದ ಮಾಡಿ ಬರೀರಲ್ಲ, ಊರಿನ ಮಾನದ ಪ್ರಶ್ನೆ ಐತಿ” ಎಂದು ಕೇಳಿಕೊಂಡರೂ ಜಗ್ಗುವ ಆಸಾಮಿಯಲ್ಲ.

ಅದೇ ಬೇಸಿಗೆಯಲ್ಲಿ ನಮ್ಮ ಅಕ್ಕ ಚೊಚ್ಚಲ ಬಸುರಿ. ಅವಳನ್ನು ಕೊಟ್ಟದ್ದು ಹಿರೇಕೆರೂರು ಕಡೆಯ ಹಂಸಭಾವಿಗೆ. ಏಳನೆಯ ತಿಂಗಳಲ್ಲಿ ಅಪ್ಪ, ಅವ್ವ, ನಾನು ಬುತ್ತಿ ಕಟ್ಟಿಕೊಂಡು, ಸೀರೆ ಕುಬಸ ತೆಗೆದುಕೊಂಡು, ಎರಡು ದಿನ ಚಕ್ಕಡಿಯಲ್ಲಿ ಕುಳಿತು, ಬಸುರಿಗೆ ಮಾಡುವ ಕುಬಸದ ಕಾರ್ಯಕ್ಕೆ ಹೋದೆವು. ಕಾರ್ಯ ಮುಗಿಸಿ ಮಗಳನ್ನು ತವರಿಗೆ ಕರೆದುಕೊಂಡು ಬರುವುದು ರೂಢಿ. ಆದರೆ ಅಕ್ಕನ ಮಾವನವರು ಕಳಿಸಲಿಲ್ಲ. ಅವರದು ಕೆಟ್ಟ ಮನಸ್ಸಲ್ಲ, ನ್ಯಾಯದ ಮಾತು.

“ಬಾಣಂತಿಗೆ ದಿನಾ ಎರೀಬೇಕು, ಕೂಸಿಗೆ ಎರೀಬೇಕು. ನಿಮ್ಮ ಬಾವಿ ತಳಾ ಕಂಡೈತಿ. ಎಲ್ಲಿಂದ ತರ್ತೀರಿ? ಮಳಿ ಆಗ್ಲಿ, ನಾನ ಕರಕೊಂಡು ಬಂದು ಬಿಡ್ತೇನಿ.”

“ಮಳಿ ಆದ ಕೂಡ್ಲೆ ಹೇಳಿ ಕಳಸ್ತೇವ್ರಿ” ಎಂದಳು ಅವ್ವ.

“ಹೇಳಿ ಕಳಸೂದು ಬ್ಯಾಡ್ರಿ. ಬೀಗರು ಪತ್ರಿಕಾದಾಗ ಬರೀತಾರಲ್ಲ, ಅದನ್ನ ಓದಿ ಬರ್ತೇನಿ. ಬಾಯಿ ಮಾತಿಗಿಂತ ಅವರ ಬರಹಾ ಖರೇ.”

ಅಪ್ಪನಿಗೆ ಆ ಮಾತಿನಿಂದ ಒಳಗೊಳಗೆ ಹಿಗ್ಗಾಯಿತು. ಅವ್ವನಿಗೆ ಅಪ್ಪನ ಹಿಗ್ಗು ನೋಡಿ ಸಿಟ್ಟು ಬಂತು. ನಾವು ಹೊರಟಾಗ ಅಕ್ಕ ಬಾಗಿಲಿಗೆ ಬಂದು, ಕಣ್ಣೀರು ಹಾಕದೆ, ನನ್ನ ಜಡೆ ಬಿಚ್ಚಿ ಮತ್ತೆ ಹೆಣೆದುಕೊಟ್ಟಳು. ಸರಿಯಾಗಿಯೇ ಇದ್ದ ಜಡೆ ಅದು. ದಾರಿಯುದ್ದಕ್ಕೂ ಅವ್ವ ಖಾಲಿ ಬುತ್ತಿಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಅಕ್ಕಿಆಲೂರಿನಲ್ಲಿ ನೆಂಟರ ಮನೆಯಲ್ಲಿ ಊಟಕ್ಕೆ ಇಳಿದಾಗಲೂ ಅದನ್ನು ಕೈಬಿಡಲಿಲ್ಲ.

ಊರಿಗೆ ಬಂದು ಹತ್ತು ದಿನಕ್ಕೆ ಅಪ್ಪನಿಗೆ ಕಣ್ಣು ಬೇನೆ ಬಂತು. ಕಣ್ಣು ಕೆಂಪಾಗಿ, ಕೀವು ಕಟ್ಟಿ, ಬೆಳಕು ನೋಡುವಂತಿರಲಿಲ್ಲ. ಅವ್ವ ನಂದಿಬಟ್ಟಲ ಹೂವಿಟ್ಟು ಮೇಲೆ ಬಟ್ಟೆ ಕಟ್ಟಿದಳು. ಆ ವಾರದ ಕಾರ್ಡು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅಪ್ಪ ಪಡಸಾಲೆಯಲ್ಲಿ ಗೋಡೆಗೆ ಒರಗಿ ಹೇಳಿದ: “ಬರಕೋ. ರೋಹಿಣಿ ಮಳೆ ಇನ್ನೂ ಆಗಿಲ್ಲ. ಬಾವಿಗಳು ಬತ್ತಿವೆ. ದನಗಳಿಗೆ ಮೇವಿನ ತಾಪತ್ರಯ ಬಹಳ.”

ನಾನು ಲೆಕ್ಕಣಿಕೆ ಹಿಡಿದು ಬಾಗಿಲಾಚೆ ನೋಡಿದೆ. ಪಡುವಣ ದಿಕ್ಕಿನಲ್ಲಿ ಮೋಡ ಕಟ್ಟಿತ್ತು. ಪಂಚಾಂಗ ಕಪ್ಪೆ ಎಂದಿತ್ತು. ಚಾಚಾ ಬೆಳಗ್ಗೆಯಷ್ಟೇ ಹಾನಗಲ್ಲಿನ ಕೆರೆಗೆ ನೀರು ಬಂದಿದೆ ಎಂದು ಹೇಳಿ, ಎರಡು ಎಲೆ ಹೆಚ್ಚಿಗೆ ಕೊಟ್ಟು ಹೋಗಿದ್ದರು. ಕಾರ್ಡು ಧಾರವಾಡ ಮುಟ್ಟಿ, ಅಚ್ಚಾಗಿ, ಹಂಸಭಾವಿಗೆ ಹೋಗಲು ಎಂಟು ದಿನ ಬೇಕು. ಅಷ್ಟರಲ್ಲಿ ಮಳೆ ಬಂದೇ ಬರುತ್ತದೆ; ಬಂದ ಮೇಲೆ ಬರೆದರೆ ಇನ್ನೂ ಎಂಟು ದಿನ ದಂಡ. ಹೀಗೆ ನನ್ನ ತಲೆ ಓಡಿತು. ನಾನು ಬರೆದೆ: “ರೋಹಿಣಿ ಮಳೆ ಚೆನ್ನಾಗಿ ಆಗಿದೆ. ಹೊಲಗಳಲ್ಲಿ ಗೇಣು ಹಸಿಯಾಗಿದೆ. ಬಾವಿಗಳಿಗೆ ನೀರು ಬಂದಿದೆ.”

“ಬರದೇನು?” ಎಂದ ಅಪ್ಪ.

“ಬರದೇನಪ್ಪ” ಎಂದೆ. ಅದು ಸುಳ್ಳಲ್ಲ. ಬರೆದಿದ್ದೆ.

ಮೋಡ ಚದುರಿತು. ಮರುದಿನ ಬಿಸಿಲು ಮೊದಲಿಗಿಂತ ಬಿರುಸಾಯಿತು. ಒಂದು ದಿನ ನಾಲ್ಕು ಹನಿ ಬಿದ್ದು, ಅಂಗಳದ ಧೂಳಿಗೆ ಸಿಡುಬಿನ ಕಲೆ ಮಾಡಿ ಹೋಯಿತು. ಪತ್ರಿಕೆ ಬಂತು. ಅಪ್ಪನ ಕಣ್ಣಿನ ಬಟ್ಟೆ ಇನ್ನೂ ಬಿಚ್ಚಿರಲಿಲ್ಲ. “ನಮ್ಮೂರಿನದು ಓದು” ಎಂದ. ನಾನು ಅಚ್ಚಾದದ್ದನ್ನು ಬಿಟ್ಟು ಅವನು ಹೇಳಿದ್ದನ್ನೇ ಬಾಯಿಪಾಠ ಒಪ್ಪಿಸಿದೆ. ನಡುವೆ ತಡವರಿಸಿದೆ, ಸೆಕೆಗೆ ನಾಲಿಗೆ ಒಣಗಿದೆ ಎಂದು ಅಪ್ಪ ಅಂದುಕೊಂಡಿರಬೇಕು. ಆ ರಾತ್ರಿಯಿಂದ ನನಗೆ ಅನ್ನ ಸೇರಲಿಲ್ಲ. ಅಕ್ಕ ಬರಬಾರದು ಎಂದು ಮೊದಲ ಬಾರಿಗೆ ಬೇಡಿಕೊಂಡೆ.

ಮೂರನೆಯ ದಿನ ನಡುಮಧ್ಯಾಹ್ನ ಕಮಾನು ಕಟ್ಟಿದ ಚಕ್ಕಡಿ ನಮ್ಮ ಬಾಗಿಲಿಗೆ ಬಂದು ನಿಂತಿತು. ಎತ್ತುಗಳ ಬಾಯಲ್ಲಿ ನೊರೆ. ಮೊದಲು ಅಕ್ಕನ ಮಾವನವರು ಇಳಿದರು, ಆಮೇಲೆ ಅವರ ಕೈ ಹಿಡಿದುಕೊಂಡು ಅಕ್ಕ. ಎರಡು ದಿನದ ಬಿಸಿಲಿಗೆ ಅವಳ ಮುಖ ಕಪ್ಪಿಟ್ಟಿತ್ತು, ಪಾದ ಬಾತು ಕಾಲುಂಗುರ ಒಳಗೆ ಹೂತುಹೋಗಿದ್ದವು. ನಾನು ಓಡಿಹೋಗಿ ಅವಳನ್ನು ಅಪ್ಪಿಕೊಳ್ಳಬೇಕಿತ್ತು. ಕಂಬ ಹಿಡಿದುಕೊಂಡು ಅಲ್ಲಿಯೇ ನಿಂತೆ.

ಬಂದವರಿಗೆ ಕಾಲಿಗೆ ನೀರು ಕೊಡಬೇಕು. ವೈರಿ ಬಂದರೂ ಕೊಡಬೇಕು, ಬೀಗರಿಗಂತೂ ಕೊಡ ತುಂಬ ಕೊಡಬೇಕು. ಅವ್ವ ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದಾಗ ಅವಳ ಕೈಯಲ್ಲಿ ಅರ್ಧ ತಂಬಿಗೆ ನೀರಿತ್ತು, ಅದೂ ಕೆಂಪಗೆ. ಮಾವನವರು ಅದನ್ನು ನೋಡಿದರು. ತಮ್ಮ ಕಾಲಿಗೆ ಹಾಕಿಕೊಳ್ಳದೆ, ಬಾಗಿ, ಅಕ್ಕನ ಪಾದದ ಮೇಲೆ ಅಷ್ಟನ್ನೂ ಸುರಿದರು. ಹಾಗೆ ಮಾಡುವ ಮಾವನನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಅಪ್ಪ ಗೋಡೆ ಹಿಡಿದುಕೊಂಡು ಹೊರಗೆ ಬಂದ. “ಬರ್ರಿ ಬೀಗರ, ಬರ್ರಿ.”

“ಬಂದೇನ್ರಿ. ಗೇಣು ಹಸಿ ಆದ ಊರಾಗ ಕಾಲಿಗೆ ಅರ್ಧ ತಂಬಿಗಿ ನೀರೇನ್ರಿ?”

“ಯಾವ ಹಸಿ ರೀ?” ಎಂದ ಅಪ್ಪ.

ಮಾವನವರು ಅಂಗಿಯ ಕಿಸೆಯಿಂದ ಮಡಚಿದ ಪತ್ರಿಕೆ ತೆಗೆದು, ಒಂದೊಂದೇ ಅಕ್ಷರ ಬಿಡಿಸಿ, ಮೂರೂ ಸಾಲು ಓದಿದರು. ಅಪ್ಪ ಕಣ್ಣಿಗೆ ಬಟ್ಟೆ ಕಟ್ಟಿದ್ದ ಮುಖವನ್ನು, ಕಾಣುವವನ ಹಾಗೆ, ನಾನು ನಿಂತಿದ್ದ ಕಂಬದ ಕಡೆಗೇ ತಿರುಗಿಸಿದ.

“ಹೌದ್ರಿ. ನಾನ ಬರೆಸೇನಿ” ಎಂದ. “ಮಗಳನ್ನ ನೋಡಬೇಕನಸ್ತು.”

ಮಾವನವರು ಪತ್ರಿಕೆಯನ್ನು ಮತ್ತೆ ಮಡಚಿದರು. ಬೈಯುತ್ತಾರೆಂದು ಅವ್ವ ಸೆರಗು ಬಾಯಿಗೆ ಹಿಡಿದಿದ್ದಳು. ಅವರು ಕಟ್ಟೆಯ ಮೇಲೆ ಕುಳಿತು ವಲ್ಲಿಯಿಂದ ಮುಖ ಒರೆಸಿಕೊಂಡರು.

“ಈ ಬಿಸಲಾಗ ಈ ಹುಡುಗಿನ್ನ ತಿರುಗಿ ಕರಕೊಂಡು ಹೋದ್ರ ನಾ ಮನಷ್ಯಾ ಅಲ್ಲ. ಇಲ್ಲೇ ಇರ್ಲಿ. ಚಕ್ಕಡಿ, ಎತ್ತು, ಆಳೂ ಇರ್ಲಿ. ದಾರ್ಯಾಗ ಎರಡು ಹರದಾರಿ ದೂರ ಕಂಡ ಹಳ್ಳದ ಮಡುವಿನಿಂದ ಆಂವ ದಿನಾ ಎರಡು ಪೀಪಾಯಿ ನೀರು ತಂದು ಹಾಕ್ತಾನ. ನಾ ಹಾನಗಲ್ಲಿಗೆ ಹೋಗಿ ಮೋಟಾರು ಹಿಡೀತೇನಿ.” ಏಳುವಾಗ ಮೆಲ್ಲಗೆ ಸೇರಿಸಿದರು: “ಆದರ ಬೀಗರ, ಇನ್ನ ಮ್ಯಾಲೆ ನಿಮ್ಮ ಬರಹಾ ನಾ ನಂಬೂದಿಲ್ರಿ.”

ಅಪ್ಪ ಗೋಣು ಹಾಕಿದ. ಅವನು ಅಷ್ಟು ಸಣ್ಣವನಾಗಿ ಕಂಡದ್ದು ಅದೊಂದೇ ಸಲ.

ಬಟ್ಟೆ ಬಿಚ್ಚಿದ ದಿನ ಅಪ್ಪ ನನ್ನನ್ನು ಕರೆದ. ಬೈಯಲಿಲ್ಲ, ಹೊಡೆಯಲಿಲ್ಲ. ಕಾರ್ಡು ಕೈಗೆ ಕೊಟ್ಟು, “ನೀನ ಬರಿ” ಎಂದ. “ಈ ಊರಿನ ಹಿಂದಿನ ವರದಿ ಸುಳ್ಳು. ಮಳೆ ಆಗಿಲ್ಲ. ತಪ್ಪು ವರದಿಗಾರನದು.”

“ತಪ್ಪು ನಂದಪ್ಪ” ಎಂದೆ.

“ಪತ್ರಿಕಾದವರಿಗೆ ನೀ ಯಾರಂತ ಗೊತ್ತಿಲ್ಲ. ಬರಿ.”

ಆ ತಿದ್ದುಪಡಿ ಅಚ್ಚಾಗಿ ಊರಿಗೆ ಬಂದದ್ದು ಮೃಗಶಿರಾ ಮಳೆ ಹುಯ್ಯುತ್ತಿದ್ದ ದಿನ. ಟಪಾಲಿನವನು ಪತ್ರಿಕೆಯನ್ನು ಅಂಗಿಯೊಳಗೆ ಮುಚ್ಚಿಕೊಂಡು, ತೊಯ್ದು ತೊಪ್ಪೆಯಾಗಿ ಬಂದು ಕೊಟ್ಟ. “ಮಳೆ ಆಗಿಲ್ಲ” ಎಂದು ಅಪ್ಪ ಬರೆಸಿದ ನಿಜ ಅವತ್ತಿಗೆ ಸುಳ್ಳಾಗಿತ್ತು. ಊರವರು ಹೊಟ್ಟೆ ಹಿಡಿದು ನಕ್ಕರು. ಮುಂದೆ ಬಾರದ ಮಳೆಗೆಲ್ಲ ‘ಮಾಸ್ತರ ಮಳಿ’ ಎಂಬ ಹೆಸರೇ ಆಯಿತು. ಸಂತೆಯಲ್ಲೂ ಆಡಿಕೊಳ್ಳುತ್ತಿದ್ದರು. ಅಪ್ಪ ಕೇಳಿಯೂ ಕೇಳದವನ ಹಾಗೆ ಚೀಲ ಹಿಡಿದು ಮುಂದೆ ನಡೆಯುತ್ತಿದ್ದ. ಅವ್ವನಿಗೂ ಅವನು ನಿಜ ಹೇಳಲಿಲ್ಲ. ಪತ್ರಿಕೆಗೆ ಬರೆಯುವುದನ್ನು ಆ ವರ್ಷವೇ ನಿಲ್ಲಿಸಿದ. ಆದರೂ ಮಳೆ ಬಂದ ಮರುದಿನ ಹೊಲಕ್ಕೆ ಹೋಗಿ ಮಣ್ಣು ತೋಡಿ ನೋಡಿ ಬರುತ್ತಿದ್ದ, ಯಾರಿಗೂ ಏನೂ ಹೇಳುತ್ತಿರಲಿಲ್ಲ. ಅದನ್ನು ನೋಡಿದಾಗಲೆಲ್ಲ ನನಗೆ ಅಳು ಬರುತ್ತಿತ್ತು. ಅಕ್ಕನಿಗೆ ಶ್ರಾವಣದ ಮಳೆಯಲ್ಲಿ ಗಂಡು ಕೂಸು ಹುಟ್ಟಿತು, ಹಂಡೆಗಟ್ಟಲೆ ನೀರಿನಲ್ಲಿ ಅವ್ವ ಇಬ್ಬರಿಗೂ ಎರೆದಳು. ಆ ಸುಖದಲ್ಲಿಯೂ ನನ್ನ ಮುಳ್ಳು ನನಗೆ ಚುಚ್ಚುತ್ತಲೇ ಇತ್ತು.

ಐದು ವರ್ಷದ ಮೇಲೆ, ನನ್ನ ಮದುವೆಯೂ ಆಗಿ, ಇಬ್ಬರೂ ಒಮ್ಮೆಗೇ ತವರಿಗೆ ಬಂದಿದ್ದೆವು. ಬಿಸಿಲಲ್ಲಿ ಸಂಡಿಗೆ ಇಡುತ್ತ ಕುಳಿತಾಗ ನನಗೆ ತಡೆಯಲಿಕ್ಕಾಗಲಿಲ್ಲ. ಅಕ್ಕನಿಗೆ ಎಲ್ಲ ಹೇಳಿದೆ. ನನ್ನಿಂದ ಅಪ್ಪನ ಮಾತು ಹೋಯಿತು, ನನ್ನಿಂದ ನೀನು ಆ ಬಿಸಿಲಲ್ಲಿ ಬಂದೆ ಎಂದು ಅತ್ತೆ.

ಅಕ್ಕ ಸಂಡಿಗೆ ಇಡುವುದನ್ನು ನಿಲ್ಲಿಸಲಿಲ್ಲ.

“ಪತ್ರಿಕಾ ಬಂದ ದಿನ ಮುಂಜಾನೆ ನಮ್ಮೂರಾಂವ ಒಬ್ಬ ಎತ್ತು ನೋಡಾಕ ಹಂಸಭಾವಿಗೆ ಬಂದಿದ್ದ. ಹನಿ ಮಳಿ ಇಲ್ಲ ಅಂತ ನನಗ ಹೇಳಿದ. ಮಾವಾರ ಮುಂದ ಹೇಳಬ್ಯಾಡ ಅಂತ ಕೈ ಮುಗದು ಅವನ್ನ ಹಿತ್ತಲ ಬಾಗಲಾಸಿ ಕಳಿಸಿದೆ. ಮಧ್ಯಾಹ್ನ ಮಾವಾರು ಪತ್ರಿಕಾ ಓದಿ, ಇದು ಖರೇ ಇರಬೇಕಲ್ಲವ್ವಾ ಅಂತ ಕೇಳಿದ್ರು. ನಮ್ಮಪ್ಪ ಬರದಾನ ಅಂದ್ರ ಖರೇನ ರೀ ಅಂದೆ.”

ನನಗೆ ಮೈಯೆಲ್ಲ ಉರಿದು, ಕೈಯಲ್ಲಿದ್ದ ಹಿಟ್ಟನ್ನು ಅವಳ ಮೇಲೆಯೇ ಒಗೆದೆ. ನೀರಿಲ್ಲದ ಮನೆಗೆ, ಹೊಟ್ಟೆಯಲ್ಲಿ ಕೂಸು ಹೊತ್ತುಕೊಂಡು, ಗೊತ್ತಿದ್ದೂ ಯಾಕೆ ಬಂದೆ ಎಂದು ಕೇಳಿದೆ.

ಅಕ್ಕ ಸೀರೆಗೆ ಅಂಟಿದ ಹಿಟ್ಟನ್ನು ಬೆರಳಿನಿಂದ ತೆಗೆದು ಸಂಡಿಗೆಯ ಸಾಲಿಗೆ ಇಟ್ಟಳು.

“ನನಗ ಅವ್ವನ ಕಡೆ ಬರಬೇಕಾಗಿತ್ತು. ಮಳಿ ತಗೊಂಡು ನಾ ಏನು ಮಾಡ್ಲಿ?”