ಬೆಳ್ಳಿಯ ಮೇಲಿನ ಹೆಬ್ಬೆಟ್ಟು

ಮ್ಯಾನಿಟೊವಾಕ್ ಊರಿನ ಎಂಟನೇ ಬೀದಿಯಲ್ಲಿ ರೋಲಿ ಝೆಮನ್‌ನ ನಾಣ್ಯದ ಅಂಗಡಿ ಇದೆ. ರೋಲಿಗೆ ದೊಡ್ಡ ಬಾಯಿ ಇದೆ, ಅದಕ್ಕೆ ತಕ್ಕ ಹೊಟ್ಟೆಯೂ ಇದೆ, ಆದರೆ ನಾಣ್ಯ ನೋಡುವ ಕಣ್ಣು ಮಾತ್ರ ಇಲ್ಲ. ಆ ಅಂಗಡಿಯ ಕಣ್ಣೆಂದರೆ ಆರ್ಲಿಸ್ ಕೋಪ್ಕೆ. ಇಪ್ಪತ್ತೆರಡು ವರ್ಷಗಳಿಂದ ಗುರುವಾರ ಮತ್ತು ಶನಿವಾರ ಬಂದು, ಹಿಂದಿನ ಮೇಜಿನಲ್ಲಿ ಕೂತು, ನಾಣ್ಯಗಳ ಹುಳುಕು ಹುಡುಕುವುದು ಅವಳ ಕೆಲಸ.

ಅವಳು ನೋಡುವ ರೀತಿಯೇ ಬೇರೆ. ಮೊದಲು ಮೇಲಿನ ಟ್ಯೂಬ್‌ಲೈಟ್ ಆರಿಸುತ್ತಾಳೆ. ಹಳೇ ಕಾಲದ ಹಳದಿ ಬಲ್ಬು ಒಂದೇ ಉರಿಯಬೇಕು. ನಾಣ್ಯವನ್ನು ಎರಡು ಬೆರಳಲ್ಲಿ ಅಂಚು ಹಿಡಿದು, ಮೊದಲು ಬರಿಗಣ್ಣಿಗೆ, ಆಮೇಲೆ ಭೂತಗನ್ನಡಿಗೆ ಒಡ್ಡಿ, ನಿಧಾನವಾಗಿ ಓರೆ ಮಾಡುತ್ತಾ ತಿರುಗಿಸುತ್ತಾಳೆ. ಹೊಳೆಯುವ ನಾಣ್ಯ ಯಾವುದೋ ಒಂದು ಓರೆಯಲ್ಲಿ, ಕಣ್ಣು ಮಿಟುಕಿಸುವಷ್ಟು ಹೊತ್ತು, ತನ್ನ ಗುಟ್ಟು ಬಿಟ್ಟುಕೊಡುತ್ತದೆ. ಯಾರೋ ಬಟ್ಟೆಯಿಂದ ಉಜ್ಜಿದ ಕೂದಲೆಳೆಯಂಥ ಗೆರೆಗಳು, ಹಾಲು ಚೆಲ್ಲಿದಂಥ ಬಿಳಿ ಚುಕ್ಕೆ, ಅಗ್ಗದ ಪ್ಲಾಸ್ಟಿಕ್ ಚೀಲ ಬಿಟ್ಟುಹೋದ ಹಸಿರು ಜಿಡ್ಡು, ಎಲ್ಲವೂ ಕಾಣುತ್ತವೆ. ಕಂಡದ್ದನ್ನು ಒಂದು ಚಿಕ್ಕ ಚೀಟಿಯಲ್ಲಿ ಬರೆದು ನಾಣ್ಯದ ಜೊತೆ ಇಡುತ್ತಾಳೆ. ಆ ಚೀಟಿಯಲ್ಲಿ ಇದ್ದದ್ದು ಇದ್ದಹಾಗೆ ಇರುತ್ತದೆ. ಒಂದು ಅಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ.

ಒಮ್ಮೆ ಫಾಂಡ್ ಡು ಲ್ಯಾಕ್ ಕಡೆಯವನೊಬ್ಬ ಕಾಮನಬಿಲ್ಲಿನ ಬಣ್ಣದ ಬೆಳ್ಳಿ ಡಾಲರ್ ತಂದಿದ್ದ. ನಮ್ಮಜ್ಜನ ಲಕೋಟೆಯಲ್ಲಿ ಮೂವತ್ತು ವರ್ಷ ಇತ್ತು, ತಾನಾಗೇ ಬಣ್ಣ ತಿರುಗಿದೆ ಅಂತ ಕಥೆ ಹೊಡೆದ. ಆರ್ಲಿಸ್ ನೋಡಿದಳು, ಮೂಸಿದಳು.

"ಈ ಬಣ್ಣ ಬರ್ಲಿ ಅಂತ ಆಲೂಗಡ್ಡೆ ಒಳಗಿಟ್ಟು ಎಷ್ಟು ಹೊತ್ತು ಬೇಯಿಸಿದೆ?"

ಆಸಾಮಿ ಕಕ್ಕಾಬಿಕ್ಕಿ. "ಏನು ಹಾಗಂದ್ರೆ?"

"ನಿಜವಾದ ಬಣ್ಣ ಅಂಚಿಂದ ಒಳಗೆ ಬರುತ್ತೆ. ಮೊದ್ಲು ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, ನೀಲಿ. ಸರದಿ ತಪ್ಪಲ್ಲ. ನಿಂದು ಹಳದಿ ಬಿಟ್ಟು ಸೀದಾ ನೀಲಿಗೆ ಹಾರಿದೆ. ಬೆಣ್ಣೆ ಹಾಕಿದ್ಯಾ, ಬರೀ ಉಪ್ಪಾ?"

ರೋಲಿ ಈ ಕಥೆಯನ್ನು ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾನೆ. ಆರ್ಲಿಸ್ ಆಗಲೂ ನಕ್ಕಿರಲಿಲ್ಲ.

ಇಂಥ ಹೆಂಗಸಿಗೆ ದೇವರು ಜೋಡಿ ಮಾಡಿದ್ದು ಡೆಲ್ಮರ್ ಕೋಪ್ಕೆಯನ್ನು! ಪಾತ್ರೆ ಕಾರ್ಖಾನೆಯಲ್ಲಿ ಅಲ್ಯೂಮಿನಿಯಂ ತಗಡು ಒತ್ತುತ್ತಿದ್ದ ಆಳು, ಕಂಡದ್ದನ್ನೆಲ್ಲ ಮುಟ್ಟಿ ನೋಡುವ ಚಾಳಿ. ಬಲಗೈ ಹೆಬ್ಬೆರಳಿಗೆ ತಗಡು ತಾಗಿ, ಉದ್ದಕ್ಕೂ ಓರೆಯಾದ ಗಾಯದ ಗೆರೆ ಇತ್ತು. ಊರಿನ ಲೂಥರನ್ ಚರ್ಚಿನಲ್ಲಿ ಯಾವ ಮಗುವಿಗೆ ದೀಕ್ಷಾಸ್ನಾನವಾದರೂ ಅವನದೊಂದು ಬೆಳ್ಳಿ ಡಾಲರ್ ಕಾಣಿಕೆ. ಆರ್ಲಿಸ್ ಹತ್ತರಲ್ಲಿ ಒಂದನ್ನು ಆರಿಸಿ, ಗೆರೆಯಿಲ್ಲ ಚುಕ್ಕೆಯಿಲ್ಲ ಅಂತ ಖಾತ್ರಿ ಮಾಡಿಕೊಂಡು, ಗಾಜಿನಂಥ ಡಬ್ಬಿಯಲ್ಲಿ ಮುಚ್ಚಿ ಕೊಡುತ್ತಿದ್ದಳು. ಇವನು ಚರ್ಚಿನಲ್ಲಿ ಡಬ್ಬಿ ಬಿಚ್ಚಿ, ನಾಣ್ಯವನ್ನು ಮಗುವಿನ ಅಂಗೈಗಿಟ್ಟು ಹೆಬ್ಬೆರಳಿಂದ ಅಮುಕುತ್ತಿದ್ದ.

"ಅಂಚು ಹಿಡಿಯೋ, ಅಂಚು! ಎಷ್ಟು ಸಲ ಹೇಳ್ಬೇಕು ನಿಂಗೆ?"

"ಬೆರಳು ಇರೋದೇ ಮುಟ್ಟೋಕೆ ಕಣೇ."

"ಬೆರಳಿನ ಎಣ್ಣೆ ಇವತ್ತು ಕಾಣಲ್ಲ. ಏಳೆಂಟು ವರ್ಷಕ್ಕೆ ಕಂದು ಕಲೆಯಾಗಿ ಎದ್ದು ಕೂತ್ಕೊಳ್ಳುತ್ತೆ."

"ಕೂತ್ಕೊಳ್ಳಲಿ ಬಿಡು. ಅಷ್ಟೊತ್ತಿಗೆ ಆ ಮಗು ಸೈಕಲ್ ಹೊಡೀತಿರುತ್ತೆ."

ಮಕ್ಕಳಿಲ್ಲದ ಆ ಮನೆಯಲ್ಲಿ ಈ ಜಗಳ ಮೂವತ್ತು ವರ್ಷ ನಡೆಯಿತು.

ಹೋದ ಫೆಬ್ರವರಿಯಲ್ಲಿ, ಶುಕ್ರವಾರದ ಮೀನಿನೂಟಕ್ಕೆ ಹೋಗಿದ್ದಾಗ, ಡೆಲ್ಮರ್ ರೈ ರೊಟ್ಟಿಗೆ ಬೆಣ್ಣೆ ಸವರುತ್ತಾ ಸವರುತ್ತಾ ಪಕ್ಕಕ್ಕೆ ವಾಲಿದ. ಆಂಬುಲೆನ್ಸ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನೆರೆಹೊರೆಯವರು ನೂಡಲ್ಸು, ಚೀಸು, ಮಾಂಸ ಹಾಕಿ ಬೇಯಿಸಿದ ದೊಡ್ಡ ದೊಡ್ಡ ಪಾತ್ರೆ ತಂದಿಟ್ಟರು. ಆರ್ಲಿಸ್ ಎಲ್ಲ ಪಾತ್ರೆ ತೊಳೆದು, ಹೆಸರಿನ ಚೀಟಿ ಅಂಟಿಸಿ, ಒಂದೊಂದನ್ನೂ ಅವರವರ ಮನೆಗೆ ಮುಟ್ಟಿಸಿದಳು. ಅವಳು ಅಳಲಿಲ್ಲ. ಗಟ್ಟಿ ಹೆಂಗಸು ಅಂತ ನಮ್ಮ ಜನ ಹೊಗಳಿದರು. ಹೊಗಳುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿಸಿಕೊಂಡ ಒಸಡಿನ ಹಾಗೆ ಅವಳ ಒಳಗೆಲ್ಲ ಜೋಮು ಹಿಡಿದಿತ್ತು, ಅಷ್ಟೇ.

ಒಂಬತ್ತನೇ ದಿನ ಡೆಲ್ಮರನ ಪೆಟ್ಟಿಗೆ ತೆಗೆದಳು. ಮುಂದೆ ಹುಟ್ಟುವ ಮಕ್ಕಳಿಗೆಂದು ಅವನು ಇಟ್ಟುಕೊಂಡಿದ್ದ ಹನ್ನೊಂದು ನಾಣ್ಯಗಳಿದ್ದವು. ದೀಪದಡಿ ಓರೆ ಮಾಡಿದರೆ ಎಲ್ಲದರ ಮೇಲೂ ಮಸುಕು ಮಸುಕಾದ ಹೆಬ್ಬೆಟ್ಟು. ಇನ್ನೂ ಬೆಳ್ಳಿಗಿಳಿಯದ ಎಣ್ಣೆ. ಅವಳ ಕೈ ತಾನಾಗಿಯೇ ಜಿಡ್ಡು ಕರಗಿಸುವ ಅಸಿಟೋನ್ ಬಾಟಲಿಗೆ ಹೋಯಿತು. ಒಂದೊಂದನ್ನೇ ಅದ್ದಿದಳು, ಎತ್ತಿದಳು, ಒಣಗಿಸಿದಳು. ಹನ್ನೊಂದೂ ಟಂಕಸಾಲೆಯಿಂದ ಆಗಷ್ಟೇ ಬಂದ ಹಾಗೆ ಫಳಫಳ ಹೊಳೆದವು. ಕೆಲಸ ಚೆನ್ನಾಗಾಯಿತು ಅಂದುಕೊಂಡು ಕೈ ತೊಳೆಯಲು ನಲ್ಲಿಯ ಮುಂದೆ ನಿಂತಾಗ, ತಾನು ತೊಳೆದುಹಾಕಿದ್ದು ಏನನ್ನು ಅಂತ ಗೊತ್ತಾಯಿತು.

ಅವನ ಬಟ್ಟೆಬರೆ ಆಗಲೇ ಚರ್ಚಿಗೆ ಕೊಟ್ಟಾಗಿತ್ತು. ಟ್ರಕ್ಕು ಮಾರಿಯಾಗಿತ್ತು. ಕಿಟಕಿ, ಬಾಗಿಲು, ಕನ್ನಡಕ, ಎಲ್ಲ ಒರೆಸಿಯಾಗಿತ್ತು. ನಲ್ಲಿ ತಿರುಗಿಸಿ ನಿಲ್ಲಿಸಿದಳು. ಆಗಲೂ ಅಳು ಬರಲಿಲ್ಲ.

ಅವತ್ತಿನಿಂದ ಅಂಗಡಿಗೆ ಯಾವುದೇ ಬೆಳ್ಳಿ ಡಾಲರ್ ಬಂದರೂ ಆರ್ಲಿಸ್ ಮೊದಲು ಡೆಲ್ಮರ್ ಅಮುಕುತ್ತಿದ್ದ ಹಿಂಬದಿ ತಿರುಗಿಸಿ ನೋಡುತ್ತಿದ್ದಳು. ಡೆಲ್ಮರ್ ಕೊಟ್ಟ ನಾಣ್ಯಗಳು ಊರ ತುಂಬ ಅರವತ್ತೋ ಎಪ್ಪತ್ತೋ ಮನೆಗಳಲ್ಲಿದ್ದವು. ಬಾಗಿಲು ತಟ್ಟಿ "ನನ್ನ ಗಂಡನ ಹೆಬ್ಬೆಟ್ಟು ಇದ್ಯಾ?" ಅಂತ ಕೇಳುವ ಪೈಕಿ ಅಲ್ಲ ಅವಳು. ಒಂದಲ್ಲ ಒಂದು ತಾನಾಗಿ ಬಂದೀತು ಅಂತ ಕಾದಳು. ಎಂಟು ತಿಂಗಳು ಒಂದೂ ಬರಲಿಲ್ಲ.

ಅಕ್ಟೋಬರಿನ ಒಂದು ಶನಿವಾರ ಬೆಳಗ್ಗೆ ತುಂಬು ಬಸುರಿಯೊಬ್ಬಳು ಅಂಗಡಿಗೆ ಬಂದಳು. ಹೆಸರು ಟೆಸ್ಸಾ ಬ್ರಾಂಡ್ಲ್. ಹುಟ್ಟಿದ್ದು ಇಲ್ಲೇ, ಈಗ ಇರುವುದು ಗ್ರೀನ್ ಬೇಯಲ್ಲಿ.

"ಇದನ್ನ ಕ್ಲೀನ್ ಮಾಡ್ಕೊಡ್ತೀರಾ ಮೇಡಂ? ನನ್ನ ಬ್ಯಾಪ್ಟಿಸಂಗೆ ಚರ್ಚಿನ ಯಾವ್ದೋ ತಾತ ಕೊಟ್ಟಿದ್ದಂತೆ. ಈಗ ನನ್ನ ಮಗೂಗೆ ಇದನ್ನೇ ಕೊಡೋಣ ಅಂತ. ಆದ್ರೆ ಕರೆ ನೋಡಿ, ಗಲೀಜು."

ಆರ್ಲಿಸ್ ಡಬ್ಬಿ ಬಿಚ್ಚಿದಳು. ಸಾವಿರದ ಒಂಬೈನೂರ ತೊಂಬತ್ತೈದರ ನಾಣ್ಯ. ಹಿಂಬದಿಯಲ್ಲಿ, ಹದ್ದಿನ ರೆಕ್ಕೆಯ ಮೇಲೆ, ಕಾಫಿ ಬಣ್ಣದ ಹೆಬ್ಬೆಟ್ಟು. ಅದರ ನಡುವೆ, ಗೆರೆಗಳನ್ನೆಲ್ಲ ಕತ್ತರಿಸಿಕೊಂಡು ಹೋದ ಓರೆಯಾದ ಒಂದು ಖಾಲಿ ಪಟ್ಟಿ.

ಅವಳಿಗೆ ಗುರುತು ಸಿಕ್ಕಿತು. ಆದರೂ ಬಾಯಿ ಎಂದಿನಂತೆ ಅಂಗಡಿಯ ಮಾತನ್ನೇ ಆಡಿತು. "ಬೆರಳಿನ ಗುರುತು. ಬೆಳ್ಳಿಯನ್ನ ತಿಂದು ಒಳಗಿಳಿದಿದೆ. ದ್ರಾವಣದಲ್ಲಿ ಅದ್ದಿದ್ರೆ ಹೋಗುತ್ತೆ, ಮೆರುಗೂ ಅದರ ಜೊತೆಗೇ ಹೋಗುತ್ತೆ."

"ಹೋದ್ರೆ ಹೋಗ್ಲಿ. ಬೆಳ್ಳಗಾದ್ರೆ ಸಾಕು."

ಆರ್ಲಿಸ್ ಎದ್ದು ಹೋಗಿ, ಅದೇ ವರ್ಷದ ಇನ್ನೊಂದು ನಾಣ್ಯ ತಂದು ಮೇಜಿನ ಮೇಲಿಟ್ಟಳು. "ಇದನ್ನ ತಗೊಳ್ಳಿ. ಒಂದು ಗೆರೆಯಿಲ್ಲ. ಅದನ್ನ ನನಗೆ ಬಿಡಿ."

ರೋಲಿ ಕೌಂಟರಿನಲ್ಲಿ ತಿನ್ನುತ್ತಿದ್ದ ಚೀಸಿನ ಉಂಡೆ ಬಾಯಲ್ಲೇ ನಿಂತಿತು. ಚುಕ್ಕೆ ಬಿದ್ದ ನಾಣ್ಯವನ್ನೂ ಪುಕ್ಕಟೆ ಬಿಡದ ಹೆಂಗಸು ಇವಳು!

ಟೆಸ್ಸಾ ಪೆದ್ದಿಯಲ್ಲ. "ಒಳ್ಳೇದು ಕೊಟ್ಟು ಹಾಳಾಗಿರೋದು ತಗೋತೀರಾ? ಯಾಕೆ?"

"ಎರಡು ಕೊಡ್ತೀನಿ."

ಕೆಲಸ ಕೆಟ್ಟದ್ದು ಅಲ್ಲೇ. ನಾಣ್ಯದ ಅಂಗಡಿಯವರು ಹಾಳು ನಾಣ್ಯಕ್ಕೆ ಎರಡು ಒಳ್ಳೇದು ಕೊಡುತ್ತೇನೆಂದರೆ ಊರಿನ ಯಾವ ಮಗುವೂ ನಂಬುವುದಿಲ್ಲ. "ಇದರಲ್ಲಿ ಏನೋ ಇದೆ ಅಲ್ವಾ? ತಪ್ಪು ಅಚ್ಚಾ? ಲಕ್ಷಾಂತರ ಬೆಲೆ ಬಾಳುತ್ತಂತಲ್ಲ ಅಂಥವು."

ರೋಲಿಗೂ ಅದೇ ಗುಮಾನಿ. ಓಡಿ ಬಂದು ಭೂತಗನ್ನಡಿ ಹಿಡಿದು ಬಗ್ಗಿದ. "ಎಲ್ಲೇ ಆರ್ಲಿಸ್? ಅಕ್ಷರ ಎರಡೆರಡು ಬಿದ್ದಿದ್ಯಾ? ನಂಗೇನೂ ಕಾಣ್ತಿಲ್ವಲ್ಲೇ ಮಹಾತಾಯಿ!"

"ಏನೂ ಇಲ್ಲ ಅದರಲ್ಲಿ," ಎಂದಳು ಆರ್ಲಿಸ್. ಇಪ್ಪತ್ತೆರಡು ವರ್ಷದಲ್ಲಿ ಆ ಮೇಜಿನಲ್ಲಿ ಕೂತು ಅವಳು ಹೇಳಿದ ಮೊದಲ ಸುಳ್ಳು ಅದು. ಚೆನ್ನಾಗಿ ಹೇಳಲೂ ಬರಲಿಲ್ಲ.

ಟೆಸ್ಸಾ ನಾಣ್ಯವನ್ನು ಡಬ್ಬಿಗೆ ಹಾಕಿ ಚೀಲಕ್ಕಿಳಿಸಿದಳು. "ಪರವಾಗಿಲ್ಲ. ಮಿಲ್ವಾಕಿಯಲ್ಲಿ ತೋರಿಸ್ತೀನಿ. ಅವರೇ ನೋಡಿ ಕ್ಲೀನ್ ಮಾಡ್ಕೊಡಲಿ." ಸೊಂಟಕ್ಕೆ ಕೈಕೊಟ್ಟು ಬಾಗಿಲ ತನಕ ಹೋದಳು. ಬಾಗಿಲ ಗಂಟೆ ಅಲ್ಲಾಡಿತು.

"ಅದು ನನ್ನ ಗಂಡನ ಬೆರಳು," ಎಂದಳು ಆರ್ಲಿಸ್. "ಅವನು ಸತ್ತೋದ."

ಸತ್ತೋದ ಅನ್ನುವ ಮಾತು ಎಂಟು ತಿಂಗಳಲ್ಲಿ ಅವಳ ಬಾಯಿಂದ ಬಂದಿರಲಿಲ್ಲ. ರೋಲಿ ತಲೆಯ ಮೇಲಿನ ಹಸಿರು ಟೋಪಿ ತೆಗೆದು, ಎಲ್ಲಿಡಬೇಕೋ ತಿಳಿಯದೆ ಕೈಯಲ್ಲೇ ಹಿಡಿದುಕೊಂಡ.

ಟೆಸ್ಸಾ ವಾಪಸು ಬಂದು, ನಾಣ್ಯವನ್ನು ಮತ್ತೆ ಮೇಜಿನ ಮೇಲಿಟ್ಟು, ಕುರ್ಚಿ ಎಳೆದು ಕೂತಳು. ಆರ್ಲಿಸ್ ದೀಪ ಸರಿಸಿ ತೋರಿಸಿದಳು. ಇದು ತಗಡು ತಾಗಿದ ಗಾಯ. ಹೀಗೆ ಅಮುಕುತ್ತಿದ್ದ. ಬೇಡ ಅಂದರೂ ಕೇಳುತ್ತಿರಲಿಲ್ಲ. ಮನೆಯಲ್ಲಿದ್ದವನ್ನು ನಾನೇ ತೊಳೆದುಬಿಟ್ಟೆ. ಇಷ್ಟನ್ನೂ ಚೀಟಿ ಓದುವವಳ ಹಾಗೆ ಹೇಳಿದಳು. ಹೇಳುತ್ತಾ ಅಭ್ಯಾಸಬಲದಿಂದ ನಾಣ್ಯವನ್ನು ಮುಂಬದಿಗೆ ತಿರುಗಿಸಿ ಓರೆ ಮಾಡಿದಳು. ಕೈ ಅಲ್ಲೇ ನಿಂತಿತು.

"ಇಲ್ಲಿ ನೋಡಿ."

ಟೆಸ್ಸಾ ಭೂತಗನ್ನಡಿಗೆ ಕಣ್ಣಿಟ್ಟಳು. ನಾಣ್ಯದಲ್ಲಿ ಅಚ್ಚಾದ, ನಡೆಯುತ್ತಿರುವ ಹೆಂಗಸಿನ ಚಿತ್ರದ ಮೇಲೆ ಜೇನಿನ ಬಣ್ಣದ ತೆಳು ಮಬ್ಬು, ಅದರಲ್ಲಿ ದಾರಕ್ಕಿಂತ ಸಣ್ಣ ಗೆರೆಗಳು.

"ಏನಿದು?"

"ನೀವು. ಮೇಲಿಂದ ಅವನು ಅಮುಕಿದ, ಕೆಳಗೆ ನಿಮ್ಮ ಅಂಗೈ."

ಆರ್ಲಿಸ್ ಕಾದಳು. ಕೊಡ್ತೀನಿ ಅನ್ನುತ್ತಾಳೇನೋ ಅಂತ ಕಾದಳು.

"ಕೊಡೋಕಾಗಲ್ಲಮ್ಮ," ಎಂದಳು ಟೆಸ್ಸಾ ಕೊನೆಗೆ. "ಬೈಕೋಬೇಡಿ. ಆದ್ರೆ ತೊಳೆಸೋದೂ ಇಲ್ಲ. ನಿಮ್ಮಾಣೆ."

"ಸರಿ," ಎಂದಳು ಆರ್ಲಿಸ್. ಅವಳ ಜಾಗದಲ್ಲಿದ್ದರೆ ತಾನೂ ಕೊಡುತ್ತಿರಲಿಲ್ಲ. ಆಮೇಲೆ ಕೇಳಿದಳು, "ಒಂದ್ಸಲ ಮುಟ್ಟಲಾ?"

"ನಿಮ್ಮ ಕೈಯಲ್ಲೇ ಇದೆಯಲ್ಲ?"

"ಹಾಗಲ್ಲ."

ಟೆಸ್ಸಾಗೆ ಅರ್ಥವಾಯಿತೋ ಇಲ್ಲವೋ, ತಲೆಯಾಡಿಸಿದಳು. ಆರ್ಲಿಸ್ ನಾಣ್ಯವನ್ನು ಮತ್ತೆ ಮಗುಚಿ, ಅಂಗೈ ಮೇಲಿಟ್ಟುಕೊಂಡು, ಡೆಲ್ಮರನ ಗುರುತಿನ ಪಕ್ಕದಲ್ಲೇ ತನ್ನ ಹೆಬ್ಬೆರಳನ್ನು ಊರಿ ಅಮುಕಿದಳು.

"ಆರ್ಲಿಸ್!" ರೋಲಿ ಕಿರುಚಿದ.

ಅವಳು ಬೆರಳು ತೆಗೆಯಲಿಲ್ಲ. ಬೆಳ್ಳಿ ಮೊದಲು ತಣ್ಣಗಿತ್ತು, ಆಮೇಲೆ ಬೆಚ್ಚಗಾಯಿತು. ಬೆರಳೆತ್ತಿದಾಗ ಅಲ್ಲಿ ಉಸಿರಿನಷ್ಟು ಮಂಜು ಇತ್ತು. ನೋಡುತ್ತಿದ್ದಂತೆ ಅದೂ ಆರಿತು.

"ಏನೂ ಬೀಳ್ಲಿಲ್ಲ," ಎಂದಳು ಟೆಸ್ಸಾ.

"ಬಿದ್ದಿದೆ. ಕಾಣೋಕೆ ಏಳೆಂಟು ವರ್ಷ ಬೇಕು. ನಿಮ್ಮ ಮಗು ಅಷ್ಟೊತ್ತಿಗೆ ಸೈಕಲ್ ಹೊಡೀತಿರುತ್ತೆ."

ಹೇಳಿದ ಮೇಲೆ ಅದು ಯಾರ ಮಾತೆಂದು ನೆನಪಾಯಿತು. ಪದ್ಧತಿಯಂತೆ ಚೀಟಿ ತೆಗೆದುಕೊಂಡು ಬರೆಯತೊಡಗಿದಳು. ಅಕ್ಷರ ಕಲೆಸಿಹೋಗುತ್ತಿತ್ತು. ದೀಪ ಹತ್ತಿರ ಎಳೆದುಕೊಂಡಳು. ತೊಂದರೆ ದೀಪದ್ದಲ್ಲ. ಮೂಗಿನ ತುದಿಯಿಂದ ಒಂದು ಹನಿ ಮೇಜಿನ ಮೇಲೆ ಬಿತ್ತು. ಅದನ್ನು ಒರೆಸದೆ ಹಾಗೇ ಬಿಟ್ಟು ಬರೆದಳು.

ರೋಲಿ ಅವಳ ಭುಜದ ಹಿಂದಿನಿಂದ ಬಗ್ಗಿ ಓದಿದ. "ಮುಂಬದಿ, ಮಗುವಿನ ಅಂಗೈ ಒಂದು. ಹಿಂಬದಿ, ಹೆಬ್ಬೆಟ್ಟು ಎರಡು. ತೊಳೆಯಬಾರದು." ಆಮೇಲೆ ಮೆಲ್ಲಗೆ, "ಒಂದೇ ತಾನೇ ಕಾಣೋದು?"

"ಎರಡಿದೆ," ಎಂದಳು ಆರ್ಲಿಸ್, ಚೀಟಿಯನ್ನು ಡಬ್ಬಿಯ ಜೊತೆ ಇಟ್ಟು ಟೆಸ್ಸಾಳ ಕೈಗೆ ಕೊಡುತ್ತಾ.